ಒಪ್ಪತ್ತಿನ ಪುಟ್ಟಮಲ್ಲಪ್ಪನವರ ಹರಕೆ

ಮಧುವನಹಳ್ಳಿಯ ಪುಟ್ಟಮಲ್ಲಪ್ಪನವರು ಏನನ್ನು ತಪ್ಪಿಸಿದರೂ ಬೆಳಗಿನ ರಸಾಯನ ತಪ್ಪಿಸಿದವರಲ್ಲ. ಮಿಂದು, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿ, ಬಾಳೆಹಣ್ಣು ಬೆಲ್ಲ ಕಾಯಿತುರಿ ತುಪ್ಪ ಕಲೆಸಿದ ಬಟ್ಟಲನ್ನು ನೈವೇದ್ಯಕ್ಕೆ ತೋರಿಸುತ್ತಾರೆ. ತೋರಿಸುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಪೂಜೆ ಅವಸರದಲ್ಲಿ ಮುಗಿದ ದಿನ ಉಂಟು, ಬಟ್ಟಲಲ್ಲಿ ಏನಾದರೂ ಉಳಿದ ದಿನ ಇಲ್ಲ.

ಇವರು ಒಪ್ಪತ್ತಿನವರು. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತೇನೆ ಎಂದು ಪ್ರಾಯದಲ್ಲೇ ಗುರುಗಳ ಮುಂದೆ ಮಾತು ಕೊಟ್ಟು, ಆ ಮಾತಿಗೆ ಇವತ್ತಿನವರೆಗೂ ತಪ್ಪಿಲ್ಲ. ನಮ್ಮ ಕಡೆ ಊಟ ಎಂದರೆ ಅನ್ನ, ಇಲ್ಲವೇ ಮುದ್ದೆ. ಇಡ್ಲಿ ತಿಂಡಿ, ಉಪ್ಪಿಟ್ಟು ತಿಂಡಿ. ಚಕ್ಕುಲಿ ನಿಪ್ಪಟ್ಟು ಬಾಯಾಡಿಸುವುದಕ್ಕೆ. ರಸಾಯನ ಪ್ರಸಾದ. ಇವು ಯಾವುವೂ ಊಟದ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಅನ್ನ ಮುಟ್ಟದೆ, ಕಾಯಿ ಚಟ್ನಿಯ ಜೊತೆ ಹೆಂಚಿನಿಂದ ಎದ್ದಷ್ಟು ದೋಸೆಯನ್ನೂ ಮುಗಿಸಿ ಮಲಗುವ ಇವರ ಸಂಯಮ ಕಂಡು ನೆಂಟರು ಕೈ ಮುಗಿದದ್ದುಂಟು.

ಮೈ ಮಾತ್ರ ಈ ಶಾಸ್ತ್ರ ಓದಿರಲಿಲ್ಲ. ಅದು ಬಂದದ್ದನ್ನೆಲ್ಲ ಒಂದೇ ಉಗ್ರಾಣಕ್ಕೆ ತುಂಬಿತು. ಖರ್ಚಿಗೆ ದಾರಿಯೇ ಇರಲಿಲ್ಲ. ಬೆಳಿಗ್ಗೆ ಜಗುಲಿ, ಮಧ್ಯಾಹ್ನ ಮಂಚ, ಸಂಜೆ ಮತ್ತೆ ಜಗುಲಿ. ಗದ್ದೆ ನೋಡಲು ಹೋಗುವುದು ತಮ್ಮನ ಮಗ ಗುರುಪ್ರಕಾಶನ ಬೈಕಿನಲ್ಲಿ. ಏರಿಯ ಮೇಲೆ ಬೈಕು ನಿಂತರೆ ಕೂತಲ್ಲಿಂದಲೇ ಆಳುಗಳಿಗೆ ಬೈದು ಹಿಂದಿರುಗುತ್ತಿದ್ದರು. ಬಾಯಿಗಾದರೂ ಅಷ್ಟು ದುಡಿಮೆ ಇತ್ತಲ್ಲ.

ಇವರ ಹೆಂಡತಿ ಚನ್ನಮಲ್ಲಮ್ಮ ಎಲ್ಲರದೂ ಆದಮೇಲೆ ಉಳಿದದ್ದನ್ನು ಉಣ್ಣುವವರು. ಹಿತ್ತಲ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಉಂಡದ್ದು ಉಂಡ ಹಾಗೆ ಸೊಪ್ಪು ಕೊಯ್ಯುವುದರಲ್ಲಿ, ಹುಳುವಿನ ತಟ್ಟೆ ಬದಲಿಸುವುದರಲ್ಲಿ ಕರಗಿಹೋಗುತ್ತಿತ್ತು. ಎರಡು ವರ್ಷದ ಹಿಂದೆ ಈ ಜೀವ ಜ್ವರ ಹಿಡಿದು ಆಸ್ಪತ್ರೆ ಸೇರಿ, ಇನ್ನಿಲ್ಲ ಎನ್ನುವ ಸ್ಥಿತಿಗೆ ಬಂದಿತು. ಆಗ ಪುಟ್ಟಮಲ್ಲಪ್ಪನವರು ವಾರ್ಡಿನ ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ ಬೆಟ್ಟದ ದೇವರಿಗೆ ಹರಕೆ ಹೊತ್ತರು: ‘ಮಾದಪ್ಪಾ, ಇವಳನ್ನ ಉಳ್ಸು. ಮನೆಯಿಂದ ನಿನ್ನ ಬೆಟ್ಟದವರೆಗೂ ನಡ್ಕಂಡೇ ಬತ್ತೀನಿ.’

ಮಾದಪ್ಪ ತನ್ನ ಕೆಲಸ ಮಾಡಿದ. ಇವರ ಕೆಲಸ ಬಾಕಿ ಉಳಿಯಿತು. ಮೊದಲ ವರ್ಷ ಮಂಡಿನೋವು ಎಂದರು. ಮರುವರ್ಷ ಬಿಸಿಲು ಎಂದರು. ಚನ್ನಮಲ್ಲಮ್ಮನವರಿಗೆ ಒಂದು ಸೀನು ಬಂದರೂ ಎದೆ ಝಲ್ಲೆನ್ನುತ್ತಿತ್ತು.

‘ನೋಡಿ, ಮಾದಪ್ಪ ಅರಕೆ ಗ್ಯಾಪನ ಮಾಡ್ತಾವ್ನೆ. ಕೊಟ್ಟೋನಿಗೆ ವಾಪಸ್ ತಕಳಕ್ಕೂ ಗೊತ್ತು’ ಎನ್ನುತ್ತಿದ್ದರು.

ಈ ಸಲ ದೀಪಾವಳಿಗೆ ಹೊರಡಲೇಬೇಕು ಎಂದು ಹಟ ಹಿಡಿದು, ಅದಕ್ಕೂ ಬಹಳ ಮೊದಲೇ ಗಂಡನನ್ನು ಕೊಳ್ಳೇಗಾಲದ ಡಾಕ್ಟರ್ ಮಾಲಿನಿಯವರ ಹತ್ತಿರ ಕರೆದುಕೊಂಡು ಹೋದರು. ನಡೆಯುವಷ್ಟು ಶಕ್ತಿ ಬರಲು ಟಾನಿಕ್ ಬರೆಸಬೇಕು ಎನ್ನುವುದು ಪುಟ್ಟಮಲ್ಲಪ್ಪನವರ ಆಸೆ.

‘ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ ಯಜಮಾನ್ರೇ?’ ಎಂದು ಡಾಕ್ಟರು ಕೇಳಿದರು.

‘ಒಂದೇ ಒತ್ತು ಕಣವ್ವ. ಸೋಮವಾರ ಅದೂ ಇಲ್ಲ.’

ಡಾಕ್ಟರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳನ್ನು ನೋಡಿ, ಮನುಷ್ಯನನ್ನು ನೋಡಿ, ಮತ್ತೆ ಮುಳ್ಳನ್ನು ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತದಲ್ಲಿ ಯಾವ ದೋಷವೂ ಕಾಣಲಿಲ್ಲ. ಮರುವಾರ ಮತ್ತೆ ಹೋದಾಗ, ‘ಒಂದು ಹೊತ್ತಿನ ಊಟಕ್ಕೆ ಈ ಮೈ ಬರೋದು ಹೇಗೆ?’ ಎಂದು ಅವರು ತಲೆಗೆ ಕೈಹಚ್ಚಿದರು.

ಚನ್ನಮಲ್ಲಮ್ಮ ತಡೆಯಲಾರದೆ, ‘ತಿಂಡಿ ಕೇಳಿ ಡಾಕ್ಟ್ರಮ್ಮ’ ಎಂದರು.

‘ತಿಂಡಿ ತಿಂತಾರಾ?’

‘ತಿಂಡಿ ತಿನ್ನದೆ ಇದ್ದಾಗ ಏನ್ಮಾಡ್ತಾರೆ ಅಂತ ಕೇಳಿ. ನಿದ್ದೆ ಮಾಡ್ತಾರೆ.’

ಡಾಕ್ಟರು ನಕ್ಕು, ತಿಳಿಯುವ ಹಾಗೆ ಹೇಳಿದರು. ಎಲೆ ಬಿಸಿಲನ್ನು ಹಿಡಿದು ಹಿಟ್ಟು, ಸಕ್ಕರೆ ಮಾಡಿಡುತ್ತದೆ. ಬತ್ತದಲ್ಲಿ, ಬಾಳೆಹಣ್ಣಿನಲ್ಲಿ ಇರುವುದು ಆ ಬಿಸಿಲೇ. ನಾವು ತಿಂದಾಗ ಅದು ಮೈಗೆ ಬರುತ್ತದೆ. ಆಗಿಂದಾಗ ಬೇಕಾದದ್ದು ಖರ್ಚಾಗಿ, ಒಂದಿಷ್ಟು ಲಿವರಿನಲ್ಲಿ, ಮಾಂಸದಲ್ಲಿ ಉಳಿದು, ಮಿಕ್ಕದ್ದೆಲ್ಲ ಕೊಬ್ಬಾಗಿ ಕೂರುತ್ತದೆ. ತಿನ್ನುವುದು ಕಡಿಮೆಯಾಗಿ ಕೈಕಾಲು ಆಡಿದರೆ ಆ ಕೊಬ್ಬು ಹೊರಗೆ ಬರುವುದು. ‘ನಿಮಗೆ ಟಾನಿಕ್ ಯಾಕೆ? ಬೆಟ್ಟಕ್ಕೆ ಹತ್ತು ಸಲ ಹೋಗಿ ಬರುವಷ್ಟು ಶಕ್ತಿ ಒಳಗೇ ಇದೆ’ ಎಂದರು.

‘ಅಂಗಾರೆ ನಮ್ಮ ರೇಷ್ಮೆ ಉಳ ಇದ್ದಂಗೆ’ ಎಂದು ಪುಟ್ಟಮಲ್ಲಪ್ಪನವರು ಹಿಗ್ಗಿದರು. ‘ನಾಲ್ಕನೆ ಜ್ವರ ಎದ್ದು ಪೊರೆ ಕಳಚಿದ್ಮೇಲೆ ಸೊಪ್ಪು ಹಾಕಿದಷ್ಟೂ ತಿಂತದೆ.’

‘ಉಳ ಆದ್ರೆ ಬಾಯಿ ಕಟ್ಟಿ ಗೂಡು ಕಟ್ತದೆ’ ಎಂದರು ಚನ್ನಮಲ್ಲಮ್ಮ. ‘ಗೂಡು ಸೀಳ್ಕಂಡು ಬಂದ ಚಿಟ್ಟೆ ಏನೂ ಮುಟ್ಟಲ್ಲ. ಉಳ ಆಗಿದ್ದಾಗ ತಿಂದಿದ್ರಲ್ಲೇ ಮೊಟ್ಟೆ ಇಟ್ಟು ಸಾಯ್ತದೆ. ನೀವು ಏನ್ ಕಟ್ಟಿದ್ದೀರಿ ಏಳಿ?’

ಮನೆಗೆ ಬಂದ ಮೇಲೆ ಆಕೆ ಗಂಡನೊಡನೆ ವಾದ ಹೂಡಲಿಲ್ಲ. ಆ ಮನೆಯಲ್ಲಿ ಎಲೆಯ ತುದಿಗೆ ಉಪ್ಪು ಬಡಿಸಿದರೆ ಅದು ಊಟದ ಎಲೆ. ಅತ್ತೆಯ ಕಾಲದಿಂದ ಬಂದ ಪದ್ಧತಿ. ಮರುದಿನ ರಾತ್ರಿ ಬಾಳೆಲೆ ಹಾಕಿ, ತುದಿಗೆ ಚಿಟಿಕೆ ಉಪ್ಪು ಹಾಕಿ, ಪಕ್ಕದಲ್ಲಿ ದೋಸೆ ಬಡಿಸಿದರು.

‘ಇದ್ಯಾಕಮ್ಮಿ ಉಪ್ಪು?’

‘ಊಟ.’

‘ದೋಸೆ ಕಣಮ್ಮಿ ಇದು!’

‘ಉಪ್ಪು ಬಡ್ಸಿದ್ದೀನಿ. ಮಧ್ಯಾನ ಒಂದು ಊಟ ಆಗ್ಯದೆ. ಗುರುಗೋಳ್ಗೆ ಕೊಟ್ಟ ಮಾತು ಮುರೀತೀರಾ, ಮುರೀರಿ.’

ಮೂವತ್ತು ವರ್ಷದ ವ್ರತ ಒಂದು ಚಿಟಿಕೆ ಉಪ್ಪಿಗೆ ಸಿಕ್ಕಿಬಿತ್ತು. ಬೆಳಗಿನ ತಿಂಡಿಯೊಂದಕ್ಕೆ ಆಕೆ ವಿನಾಯಿತಿ ಕೊಟ್ಟರು. ಮಿಕ್ಕಿದ್ದಕ್ಕೆಲ್ಲ, ಚಕ್ಕುಲಿಯ ತಟ್ಟೆಗೂ, ಉಪ್ಪು ಬಿತ್ತು. ನೈವೇದ್ಯಕ್ಕೆ ಉಪ್ಪು ಹಾಕುವಷ್ಟು ಅಧರ್ಮ ಅವರಿಗೆ ಗೊತ್ತಿಲ್ಲ. ಅದಕ್ಕೆ ಬಟ್ಟಲನ್ನೇ ಚಿಕ್ಕದು ಮಾಡಿದರು. ದೇವರು ಅಳತೆ ಕೇಳಲಿಲ್ಲ. ಪುಟ್ಟಮಲ್ಲಪ್ಪನವರು ಕೇಳಿದರು.

ಡಾಕ್ಟರು ಹೇಳಿದಂತೆ ದಿನವೂ ನಡೆಯುವುದೂ ಶುರುವಾಯಿತು. ಮೊದಲ ವಾರ ಬಸ್ ನಿಲ್ದಾಣದ ಹೋಟೆಲಿನವರೆಗೆ ಬಹಳ ಉತ್ಸಾಹದಿಂದ ನಡೆದರು. ಆಮೇಲೆ ಚನ್ನಮಲ್ಲಮ್ಮ ಆ ಹೋಟೆಲಿಗೂ ಹೋಗಿ ಉಪ್ಪಿನ ವಿಷಯ ತಿಳಿಸಿ ಬಂದರಂತೆ. ನಡಿಗೆ ಕೆರೆಯ ಕಡೆಗೆ ತಿರುಗಿತು. ಹೊಟ್ಟೆ ಇಳಿಯಿತು, ಮುಖವೂ ಇಳಿಯಿತು. ಜಗುಲಿಯಲ್ಲಿ ಕೇಳಿದವರಿಗೆಲ್ಲ, ‘ನಮ್ಮನೇಲಿ ಈಗ ಉಪ್ಪಿನ ಸರ್ಕಾರ’ ಎನ್ನುತ್ತಿದ್ದರು.

ದೀಪಾವಳಿಗೆ ಹೊರಟರು. ಯಾರ ಜೀವಕ್ಕೆ ಹರಕೆ ಹೊತ್ತದ್ದೋ ಅವರೇ ಬ್ಯಾಗು ಹೊತ್ತು ಮುಂದೆ, ಹರಕೆ ಹೊತ್ತವರು ಕೈಬೀಸಿಕೊಂಡು ಹಿಂದೆ, ಜೊತೆಗೆ ಗುರುಪ್ರಕಾಶ. ಕಾಮಗೆರೆಯಿಂದ ಹನೂರಿನವರೆಗೆ ದಾರಿಯುದ್ದಕ್ಕೂ ಭಕ್ತರು ಪೆಂಡಾಲ್ ಹಾಕಿ ಕರೆಯುತ್ತಿದ್ದರು: ಪುಳಿಯೋಗರೆ, ಕೇಸರಿಬಾತು, ಪಾನಕ. ಇವರ ಲೆಕ್ಕದಲ್ಲಿ ಎಲ್ಲವೂ ಪ್ರಸಾದ! ಪುಟ್ಟಮಲ್ಲಪ್ಪನವರ ನಡಿಗೆಗೆ ಅಂಥ ಚುರುಕು ಬಂದದ್ದನ್ನು ಯಾರೂ ಕಂಡಿರಲಿಲ್ಲ. ದೊನ್ನೆ ಕೈಗೆ ಬಂದಾಗೆಲ್ಲ ಹೆಂಡತಿ ಸೆರಗಿನ ಗಂಟು ಬಿಚ್ಚುತ್ತಿದ್ದರು. ‘ರಸ್ತೇಲೂ ಉಪ್ಪಾ!’ ಎಂದು ಅವರು ಗೋಳಾಡಿದ್ದು ನೋಡಿ ಬಡಿಸುವ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಹಸಿದಾಗ ಉಣ್ಣಲು ಮಾತ್ರ ಆಕೆ ಅಡ್ಡಿ ಮಾಡಲಿಲ್ಲ.

ಮೂರನೆಯ ದಿನ ತಾಳಬೆಟ್ಟ ದಾಟಿ ಏರು ಶುರುವಾದಾಗ ಪುಟ್ಟಮಲ್ಲಪ್ಪನವರ ಅಂಗಿ ಹಿಂಡುವಷ್ಟು ತೊಯ್ದಿತ್ತು. ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಚನ್ನಮಲ್ಲಮ್ಮ ನೀರು ಕೊಟ್ಟು, ಮೊದಲ ಸಲ ಗದರದೆ ಗಾಳಿ ಬೀಸಿದರು. ಹರಕೆ ಇಲ್ಲಿಗೇ ನಿಂತರೆ ಏನು ಗತಿ ಎನ್ನುವ ಭಯ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಗಂಡನೂ ನೋಡಿದರು.

ಗುರುಪ್ರಕಾಶ ಪಂಚೆ ಮೇಲೆ ಕಟ್ಟಿ ಮುಂದೆ ಬಂದ. ‘ದೊಡ್ಡಪ್ಪ, ನೀವು ಬಸ್ ಅತ್ಕಳಿ. ಮಿಕ್ಕಿದ್ದ ನಿಮ್ ಎಸ್ರಲ್ಲಿ ನಾನು ನಡೀತೀನಿ. ಎಷ್ಟೋ ಜನ ಅಂಗೇ ಮಾಡ್ತಾರೆ. ಮಾದಪ್ಪ ಒಪ್ಕತಾನೆ.’

ಜೀವಮಾನವೆಲ್ಲ ತಮ್ಮ ಕೆಲಸವನ್ನು ಇನ್ನೊಬ್ಬರ ಕಾಲಲ್ಲಿ ಮಾಡಿಸಿದ ಪುಟ್ಟಮಲ್ಲಪ್ಪನವರು ಹುಡುಗನ ಕಾಲುಗಳನ್ನು ನೋಡಿದರು. ಗಟ್ಟಿಯಾದ, ನಂಬಿಕೆಗೆ ಯೋಗ್ಯವಾದ ಕಾಲುಗಳು. ಬಸ್ಸೊಂದು ತಿರುವಿನಲ್ಲಿ ಹಾರ್ನ್ ಹಾಕಿತು.

‘ಬ್ಯಾಡ ಕಣ್ಲಾ’ ಎಂದು ಅವರು ಬಂಡೆಗೆ ಕೈಯೂರಿ ಎದ್ದರು. ‘ತಿಂದೋನು ನಾನು, ನೀನ್ಯಾಕ್ಲಾ ಬೆವ್ರು ಸುರಿಸ್ತೀಯೆ? ಸರ್ಕೋ, ದಾರಿ ಬುಡು.’