ಅರ್ಧ ರೆಕ್ಕೆಯ ಹದ್ದಿನ ಫೋಟೋ

ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ನಮ್ಮ ಬೀದಿಯ ಕೊನೆಯ ಮನೆಯ ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅವರು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನದವರು, ನಾನು ಮೈಸೂರಿನವಳು. ನಾವು ಅಮೆರಿಕದ ಹಿಲ್ಸ್‌ಬರೋಗೆ ಮನೆ ಬದಲಿಸಿದ ದಿನ, ಟ್ರಕ್ಕಿನಿಂದ ಇನ್ನೂ ಸಾಮಾನು ಇಳಿಯುತ್ತಿರುವಾಗಲೇ ಒಂದು ಡಬ್ಬಿ ನೀರುದೋಸೆ ಹಿಡಿದುಕೊಂಡು ಬಂದು, "ಇವತ್ತು ಒಲೆ ಹಚ್ಚುವುದು ಬೇಡ, ಆಯ್ತಾ?" ಎಂದು ನೇರ ಅಡುಗೆಮನೆಗೇ ನುಗ್ಗಿದರು. ಆ ಹೊತ್ತಿನಿಂದ ಅವರು ಅಕ್ಕ. ನನ್ನ ಗಂಡನಿಗೂ ಅಕ್ಕ.

ಅವರು ಆಗಷ್ಟೇ ನಿವೃತ್ತರಾಗಿದ್ದರು. ನಾನು ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತಿದ್ದೆ, ಈಗಲೂ ಅಲ್ಲಿಯೇ ಇದ್ದೇನೆ. ವಾರವೆಲ್ಲ ರೈಲಿನಲ್ಲಿ ಕೂತು ಕೂತು, ಶನಿವಾರ ಬಂದರೆ ಸೋಫಾ ಬಿಟ್ಟು ಏಳದ ಹಾಗಾಗಿದ್ದೆ. ಅಂಥ ಒಂದು ಶನಿವಾರ ಅಕ್ಕ ಬಂದು ಬಾಗಿಲಲ್ಲೇ ನಿಂತು, "ಎಂಥ ಮಾರಾಯ್ತಿ, ಮೂವತ್ತು ದಾಟಿದ ಕೂಡಲೇ ಮುದುಕಿಯಾ? ಹೊರಡು. ಜೂಗೆ ಹೋಗುವ," ಎಂದರು. ನನಗೆ ಆಗಲೇ ನಲವತ್ತೈದಾಗಿತ್ತು. ಅದು ಅವರಿಗೂ ಗೊತ್ತಿತ್ತು.

ಆ ಮೃಗಾಲಯ ದೊಡ್ಡದಲ್ಲ. ಮಕ್ಕಳನ್ನು ಕರೆದುಕೊಂಡು ಬರುವವರು ಕೋತಿ, ನೀರುನಾಯಿಗಳನ್ನು ನೋಡಿ, ಪುಟಾಣಿ ರೈಲು ಹತ್ತಿಸಿ ಹೊರಟುಹೋಗುತ್ತಾರೆ. ಹದ್ದುಗಳ ಆವರಣ ಹಿಂದೆ, ಓಕ್ ಮರಗಳ ಕೆಳಗೆ. ಅಲ್ಲಿ ಎರಡು ಬಾಲ್ಡ್ ಈಗಲ್‌ಗಳಿದ್ದವು. ಹೆಸರು ಬೋಳು ಎಂದಿದ್ದರೂ ತಲೆ ಬೋಳಲ್ಲ. ಹಾಲಿನಂಥ ಬಿಳಿ ಗರಿ, ಹಳದಿ ಕೊಕ್ಕು, ಕಡುಕಂದು ಮೈ. ನಾನು ಯೋಚನೆ ಮಾಡದೆಯೇ ಕೈ ಜೋಡಿಸಿ ಕೆನ್ನೆ ಮುಟ್ಟಿಕೊಂಡೆ. ಚಿಕ್ಕಂದಿನಲ್ಲಿ ಆಕಾಶದಲ್ಲಿ ಗರುಡ ಕಂಡರೆ ನಮ್ಮಜ್ಜಿ ಮಾಡಿಸುತ್ತಿದ್ದುದು ಅದನ್ನೇ. ಅಕ್ಕ ನಕ್ಕರು. "ಗರುಡನೇ ಅದು. ಅಮೆರಿಕಕ್ಕೆ ಬಂದು ತಿಂದು ತಿಂದು ದಪ್ಪ ಆಗಿದೆ, ಅಷ್ಟೇ."

ಎರಡೂ ಹಾರಲಾರದ ಹಕ್ಕಿಗಳು. ಗಂಡಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಹೆಣ್ಣು ಗಂಡಿಗಿಂತ ದೊಡ್ಡದು. ಹೆದ್ದಾರಿಯಲ್ಲಿ ಸತ್ತ ಜಿಂಕೆಯನ್ನು ತಿನ್ನುತ್ತಿದ್ದಾಗ ಲಾರಿ ಬಡಿದು ಅದರ ಎಡರೆಕ್ಕೆ ಪುಡಿಯಾಯಿತಂತೆ, ವೈದ್ಯರು ಅರ್ಧಕ್ಕೆ ಕತ್ತರಿಸಿ ಜೀವ ಉಳಿಸಿದರಂತೆ. ಹಾಗಂತ ಬೇಲಿಯ ಫಲಕದಲ್ಲಿ ಬರೆದಿತ್ತು. ಅವು ಇಳಿಜಾರಾಗಿ ಇಟ್ಟ ಮರದ ದಿಮ್ಮಿಗಳ ಮೇಲೆ ಕುಪ್ಪಳಿಸುತ್ತಾ ಮೇಲೆ ಹತ್ತುತ್ತಿದ್ದವು. ಕೂಗಿದರೆ ಕೋಳಿಮರಿಯ ದನಿ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ಸ್ವರ ಬಂದಾಗಲೆಲ್ಲ ನನಗೆ ಅಯ್ಯೋ ಅನ್ನಿಸುತ್ತಿತ್ತು.

ಬೇಲಿಯ ತಂತಿ ಫೋಟೋದಲ್ಲಿ ಕಾಣದಂತೆ ಲೆನ್ಸನ್ನು ತಂತಿಗೇ ಒತ್ತಿ ಹಿಡಿಯಬೇಕು, ಹಕ್ಕಿ ತಂತಿಯಿಂದ ದೂರ ಹೋಗುವವರೆಗೆ ಕಾಯಬೇಕು. ಬಿಸಿಲಿದ್ದರೆ ಬಿಳಿತಲೆ ಸುಣ್ಣ ಬಳಿದಂತೆ ಬರುತ್ತದೆ, ತಲೆ ಸರಿಮಾಡಲು ಹೋದರೆ ಮೈ ಕಲ್ಲಿದ್ದಲಾಗುತ್ತದೆ. ಹಾಗಾಗಿ ಮೋಡ ಕವಿದ ದಿನವೇ ನಮ್ಮ ಸುದಿನ. ಇದನ್ನೆಲ್ಲ ಅಕ್ಕ ಕಲಿಸಿದರು. ಮೊದಲ ದಿನ ನಾನು ಹೆಣ್ಣು ಹದ್ದಿನ ಬಲಗಡೆಗೇ ಹೋಗಿ ಹೋಗಿ ನಿಲ್ಲುತ್ತಿದ್ದುದನ್ನು ನೋಡಿ ಗದರಿದ್ದರು. "ಆ ಕಡೆಯಿಂದ ಯಾಕೆ ತೆಗೀತಿ? ರೆಕ್ಕೆ ಇಲ್ಲದ್ದು ಕಾಣಬಾರದು ಅಂತಲಾ? ಅದು ಮೋಸ. ಚಂದದ್ದು ಮಾತ್ರ ಬೇಕಾದ್ರೆ ಗೇಟ್ ಹತ್ರ ಪೋಸ್ಟ್‌ಕಾರ್ಡ್ ಉಂಟು, ತಕ್ಕೊಂಡು ಹೋಗು."

ಆ ಮಾತು ನನಗೆ ತುಂಬ ಹಿಡಿಸಿತು. ಆಮೇಲೆ ನಾನು ಎಡಗಡೆಯೇ ನಿಲ್ಲತೊಡಗಿದೆ.

ಹೀಗೆ ಕೆಲವು ಚಳಿಗಾಲಗಳು ಕಳೆದವು. ನಾನು ಹೆದ್ದಾರಿಯಲ್ಲಿ ಡ್ರೈವ್ ಮಾಡಲು ಹೆದರುತ್ತಿದ್ದೆ, ಅಕ್ಕನೇ ಕರೆದುಕೊಂಡು ಹೋಗುತ್ತಿದ್ದರು. ನನ್ನ ಕ್ಯಾಮೆರಾಕ್ಕೆ ಹಾಕುತ್ತಿದ್ದ ಉದ್ದ ಲೆನ್ಸೂ ಅವರದ್ದೇ. ಥರ್ಮಾಸ್‌ನಲ್ಲಿ ನನ್ನ ಕಾಫಿ, ಡಬ್ಬಿಯಲ್ಲಿ ಅವರ ಗೋಳಿಬಜೆ. ವಾಪಸು ಬಂದ ಮೇಲೆ ಇಬ್ಬರ ಫೋಟೋಗಳೂ ಅವರ ಕಂಪ್ಯೂಟರಿಗೆ ಹೋಗುತ್ತಿದ್ದವು. ನನಗೆ ಎಡಿಟಿಂಗ್ ಬರುತ್ತಿರಲಿಲ್ಲ. ಮೆಮೊರಿ ಕಾರ್ಡು ಕೊಟ್ಟು, ಅವರು ಖಾಲಿ ಮಾಡಿ ಹಿಂತಿರುಗಿಸಿದ್ದನ್ನು ಮತ್ತೆ ಕ್ಯಾಮೆರಾಕ್ಕೆ ತುರುಕುತ್ತಿದ್ದೆ. ಯಾವುದು ಯಾರದ್ದು ಎಂಬ ಪ್ರಶ್ನೆ ನಮ್ಮ ನಡುವೆ ಬಂದೇ ಇರಲಿಲ್ಲ.

ನಂತರ ಒಂದು ಜನವರಿಯಲ್ಲಿ ನನ್ನ ಮ್ಯಾಮೊಗ್ರಾಮ್‌ನಲ್ಲಿ ಏನೋ ಕಂಡಿತು, ಬಯಾಪ್ಸಿ ಆಗಬೇಕೆಂದರು. ನನ್ನ ಗಂಡನಿಗೆ ಆಗತಾನೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಮೆಟ್ಟಿಲು ಹತ್ತುವಾಗಲೂ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದೆ. ಅವರು ಏನೂ ಕೇಳದೆ ಕಾರು ತೆಗೆದರು, ಸೂಜಿ ಚುಚ್ಚುವ ಕೋಣೆಯ ಬಾಗಿಲವರೆಗೂ ಬಂದರು. ನಾನು ಹೊರಗೆ ಬಂದಾಗ ಕೈಯಲ್ಲಿ ಜಪಸರ ಹಿಡಿದು ಕೂತಿದ್ದರು. "ನಿನ್ನ ದೇವರಿಗೆ ನಾನು ಹೇಳಿದ್ರೆ ನಡೀತದಾ ಗೊತ್ತಿಲ್ಲ. ನನ್ನವರಿಗೆ ಹೇಳಿದ್ದೇನೆ," ಎಂದರು.

ಫಲಿತಾಂಶ ಇನ್ನೂ ಬಂದಿರಲಿಲ್ಲ. ಆ ಶನಿವಾರ ಅವರು ನನ್ನನ್ನು ಮನೆಯಲ್ಲಿರಲು ಬಿಡಲಿಲ್ಲ. ಹಿಂದಿನ ದಿನ ಹಿಮ ಬಿದ್ದಿತ್ತು. ಮೃಗಾಲಯದಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಹಿಮದಲ್ಲೇ ಮೊಣಕಾಲೂರಿ ತಂತಿಗೆ ಲೆನ್ಸ್ ಒತ್ತಿ ಕೂತೆ. ಹೆಣ್ಣು ಹದ್ದು ದಿಮ್ಮಿಯ ತುದಿಗೆ ಹತ್ತಿತು. ಅದರ ಕೊಕ್ಕಿನ ಬದಿಗೆ ಒಂದು ಪುಕ್ಕದ ಎಳೆ ಅಂಟಿಕೊಂಡಿತ್ತು, ಉದುರೀತು ಉದುರೀತು ಎಂದು ಕಾದೆ. ಉದುರಲಿಲ್ಲ. ಅಷ್ಟರಲ್ಲಿ ಅದು ತಲೆಯೆತ್ತಿ ಎರಡೂ ರೆಕ್ಕೆಗಳನ್ನು ಬಿಚ್ಚಿತು. ಬಲಗಡೆ ಚಾಚಿದ ತೋಳಿಗಿಂತ ಉದ್ದದ ರೆಕ್ಕೆ, ಎಡಗಡೆ ಮೊಟಕು. ಹಾರುವ ಗಾಳಿ ಸಿಕ್ಕಿತೇನೋ ಎನ್ನುವಂತೆ ಎರಡನ್ನೂ ಬೀಸಿತು. ನಾನು ಅಳುತ್ತಾ ಕ್ಲಿಕ್ಕಿಸುತ್ತಿದ್ದೆ. ಕ್ಯಾಮೆರಾದ ಪರದೆಯಲ್ಲಿ ಆ ಚಿತ್ರ ನೋಡಿ ಅಕ್ಕ ನನ್ನ ತಲೆ ತಬ್ಬಿಕೊಂಡರು. ನಾನು ಆ ಪರದೆಯದೇ ಒಂದು ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಮೈಸೂರಿನಲ್ಲಿರುವ ನನ್ನ ತಂಗಿಗೆ ಕಳಿಸಿದೆ. ಯಾಕೆ ಕಳಿಸಿದೆನೆಂದು ಅವಳಿಗೆ ಹೇಳಲಿಲ್ಲ.

ಫಲಿತಾಂಶ ಬಂತು, ಏನೂ ಇರಲಿಲ್ಲ. ಫೋನಿನಲ್ಲಿ ನಾನು ಹೇಳಿದಾಗ ನನಗಿಂತ ಹೆಚ್ಚು ಅತ್ತವರು ಅಕ್ಕ. ಗಂಡನಿಗೆ ಹೇಳುವುದು ಹಾಗೇ ಉಳಿಯಿತು.

ಆ ವರ್ಷ ಬೇಸಿಗೆ ಕಳೆದ ಮೇಲೆ ಅವರು ಸಿಗುವುದು ಕಡಿಮೆಯಾಯಿತು. ಬಿಜಿ ಇದ್ದೇನೆ ಎನ್ನುತ್ತಿದ್ದರು. ಆಮೇಲೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆಮಂತ್ರಣ ಬಂತು. ಹತ್ತಿರದ ಒಂದು ಲೈಬ್ರರಿಯಲ್ಲಿ ಸ್ಥಳೀಯ ಕಾಡುಪ್ರಾಣಿ, ಪಕ್ಷಿಗಳ ಛಾಯಾಚಿತ್ರ ಪ್ರದರ್ಶನ, ಅದರಲ್ಲಿ ಅಕ್ಕನ ಚಿತ್ರಗಳು. ನನಗೆ ಬೇರೆಯಾಗಿ ಹೇಳಿರಲಿಲ್ಲವಲ್ಲ ಎಂದು ಚುರುಕ್ ಎಂದಿತು, ಆದರೂ ಖುಷಿಯೇ ಆಯಿತು. ಗಂಡನನ್ನು ಕರೆದುಕೊಂಡು ಹೋದೆ.

ಸಭಾಂಗಣದ ಎದುರುಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ನನ್ನ ಹದ್ದು ಇತ್ತು.

ಹಿಂದಿನ ಓಕ್ ಮರಗಳಿರಲಿಲ್ಲ, ಹೆಪ್ಪುಗಟ್ಟಿದ ನದಿ ಇತ್ತು. ದಿಮ್ಮಿ ಇರಲಿಲ್ಲ, ನೀರಿನ ಮೇಲೆ ಬಾಗಿದ ಕೊಂಬೆ ಇತ್ತು. ಎಡಗಡೆ ಮೊಟಕು ರೆಕ್ಕೆ ಇರಬೇಕಾದಲ್ಲಿ ಪೂರ್ತಿ ರೆಕ್ಕೆಯಿತ್ತು. ಬಲರೆಕ್ಕೆಯನ್ನೇ ಮಗುಚಿ ಅಂಟಿಸಿದ್ದರು. ಕೊಕ್ಕಿನ ಬದಿಗೆ ಆ ಪುಕ್ಕದ ಎಳೆ ಹಾಗೇ ಇತ್ತು. ಅದನ್ನು ಅಳಿಸಲು ಮರೆತಿದ್ದರು. ಕೆಳಗೆ ಅಕ್ಕನ ಹೆಸರು, ಪಕ್ಕದಲ್ಲಿ "ಡೆಲವೇರ್ ನದಿಯ ಮೇಲೆ" ಎಂದಿತ್ತು. ಏನೋ ತಪ್ಪಾಗಿರಬೇಕು, ಅಕ್ಕ ಈಗ ಮಾತಾಡುವಾಗ ಸರಿಮಾಡುತ್ತಾರೆ ಎಂದುಕೊಂಡು ಕುರ್ಚಿಯಲ್ಲಿ ಕೂತೆ.

ಅಕ್ಕ ಮೈಕಿನ ಮುಂದೆ ನಿಂತರು. ಇಂಗ್ಲಿಷಿನಲ್ಲಿ, ಮೆಲ್ಲಗೆ ಮಾತಾಡಿದರು. ಹೋದ ಚಳಿಗಾಲದಲ್ಲಿ ತನಗೆ ಬಯಾಪ್ಸಿ ಆಗಿತ್ತು, ಯಾರಿಗೂ ಹೇಳಿರಲಿಲ್ಲ, ಫಲಿತಾಂಶಕ್ಕೆ ಕಾಯುತ್ತಾ ಒಬ್ಬಳೇ ನದಿಯ ದಡದಲ್ಲಿ ಹಿಮದಲ್ಲಿ ಮೊಣಕಾಲೂರಿ ಕೂತಿದ್ದಾಗ ಈ ಹಕ್ಕಿ ತನಗಾಗಿಯೇ ಎಂಬಂತೆ ರೆಕ್ಕೆ ಬಿಚ್ಚಿತು, ಅಳುತ್ತಲೇ ಕ್ಲಿಕ್ಕಿಸಿದೆ ಎಂದರು. ಜನ ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಗಂಡನೂ ತಟ್ಟಿದರು, ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ, "ಪಾಪ ಅಕ್ಕ! ನಿಂಗೂ ಹೇಳಿರ್ಲಿಲ್ವಾ?" ಎಂದು ಕೇಳಿದರು.

ಉತ್ತರ ಕೊಡಬೇಕಾದರೆ ನನ್ನ ಬಯಾಪ್ಸಿಯಿಂದಲೇ ಶುರುಮಾಡಬೇಕಿತ್ತು. ಅದು ಅಕ್ಕನಿಗೂ ಗೊತ್ತಿತ್ತು. ಅವರು ವೇದಿಕೆಯಿಂದ ಇಳಿಯುವಾಗ ನಮ್ಮ ಕಣ್ಣುಗಳು ಕೂಡಿದವು. ಅವರು ಕಣ್ಣು ತಪ್ಪಿಸಲಿಲ್ಲ. ಹತ್ತಿರ ಬಂದು, ನನ್ನ ಗಂಡನ ಎದುರಿಗೇ ನನ್ನ ಭುಜ ತಟ್ಟಿ, "ಬಂದದ್ದು ಖುಷಿ ಆಯ್ತು," ಎಂದು ಮುಂದೆ ಹೋದರು.

ಪಾರ್ಕಿಂಗ್ ಲಾಟ್‌ನಲ್ಲಿ, ಕಾರು ಸ್ಟಾರ್ಟ್ ಮಾಡುವ ಮುಂಚೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಹಾಕಿದ್ದ ಕೀಲಿಯನ್ನು ಮತ್ತೆ ತೆಗೆದರು. "ಬೇರೆಯವರ ಕಥೆಯಾಗಿ ಕೇಳಿಸ್ಕೊಂಡು ಚಪ್ಪಾಳೆ ತಟ್ಟಿದ್ನಲ್ಲ ಕಣೇ," ಎಂದರು. ಅಕ್ಕ ನನ್ನಿಂದ ಏನೇನು ತೆಗೆದುಕೊಂಡಿದ್ದಾರೆಂದು ಆ ಮಾತಿನಲ್ಲಿ ನನಗೆ ಪೂರ್ತಿ ಅರ್ಥವಾಯಿತು. ಗಂಡನಿಗೆ ನಾನೇ, ನನ್ನದೇ ಹೊತ್ತಿನಲ್ಲಿ, ನನ್ನದೇ ಮಾತಿನಲ್ಲಿ ಹೇಳಬೇಕಾಗಿದ್ದುದು ಅದು.

ಮರುದಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದು, ಏನೂ ಆಗದವರಂತೆ "ಬಾ, ಚಾ ಇಡ್ತೇನೆ," ಎಂದರು.

"ಚಾ ಬೇಡ ಅಕ್ಕ. ಆ ಫೋಟೋ ನಂದು."

"ಲೆನ್ಸ್ ಯಾರದ್ದು? ಕರ್ಕೊಂಡು ಹೋದದ್ದು ಯಾರು? ನಾನಿಲ್ಲದಿದ್ರೆ ನೀನು ಅವತ್ತು ಹಾಸಿಗೆ ಬಿಟ್ಟು ಏಳ್ತಿದ್ದಿಯಾ?"

"ಇಲ್ಲ. ಅದಕ್ಕೇ ನಂಗೆ ಇಷ್ಟು ನೋವಾಗ್ತಿರೋದು."

ಅವರು ಒಲೆಯ ಕಡೆಗೆ ತಿರುಗಿದರು. "ಜೂದಲ್ಲಿ ತೆಗೆದದ್ದು ಅಂದ್ರೆ ಲೈಬ್ರರಿಯವರು ತಕ್ಕೊಳ್ಳುವುದಿಲ್ಲ ಮಾರಾಯ್ತಿ. ಕುಂಟು ಹಕ್ಕಿಯನ್ನು ಯಾರು ನೋಡ್ತಾರೆ ಹೇಳು. ನಾನು ಅದಕ್ಕೆ ರೆಕ್ಕೆ ಕೊಟ್ಟೆ."

"ಮತ್ತೆ ಬಯಾಪ್ಸಿ?"

"ನಿನ್ನ ಹೆಸರು ಎಲ್ಲಿಯಾದ್ರೂ ಹೇಳಿದ್ದೇನಾ? ನಿನ್ನ ಗುಟ್ಟು ಗುಟ್ಟಾಗಿಯೇ ಉಂಟು."

ನಾನು ಕೂಗಾಡಲೆಂದೇ ಹೋಗಿದ್ದೆ. ಪ್ರದರ್ಶನದಿಂದ ಆ ಚಿತ್ರವನ್ನು ತೆಗೆಸಿ ಎಂದಷ್ಟೇ ಕೇಳಿದೆ. ಆಗುವುದಿಲ್ಲ ಎಂದರು. ನನ್ನ ಹಳೆಯ ಫೋಟೋಗಳನ್ನಾದರೂ ಕೊಡಿ ಎಂದೆ. ಕಂಪ್ಯೂಟರ್ ಬದಲಾಯಿಸಿದ್ದೇನೆ, ಇಲ್ಲ ಎಂದರು. ಅದೇ ಟೇಬಲ್ಲು, ಅದೇ ಕಂಪ್ಯೂಟರು, ನಾಲ್ಕು ಹೆಜ್ಜೆ ಆಚೆಗಿತ್ತು.

ನಾನು ಲೈಬ್ರರಿಗೆ ಹೋಗಿ ಪ್ರದರ್ಶನ ನೋಡಿಕೊಳ್ಳುತ್ತಿದ್ದ ಮಹಿಳೆಗೆ ವಿಷಯ ಹೇಳಿದೆ. ಇದು ಕಾಡಿನ ಹಕ್ಕಿಯಲ್ಲ, ಇದಕ್ಕೆ ಎಡರೆಕ್ಕೆ ಅರ್ಧ ಮಾತ್ರ ಇದೆ, ಚಿತ್ರ ತೆಗೆದವಳು ನಾನು ಎಂದೆ. ತಂಗಿಗೆ ಕಳಿಸಿದ್ದ ಮೊಬೈಲ್ ಚಿತ್ರ ತೋರಿಸಿದೆ. ಆಕೆ ಅದನ್ನೂ ಗೋಡೆಯ ಚಿತ್ರವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. ಕೊಕ್ಕಿನ ಪುಕ್ಕದ ಮೇಲೆ ಬೆರಳಿಟ್ಟು, "ನಾನು ಅವರ ಮಾತು ಕೇಳಿ ಅತ್ತಿದ್ದೆ," ಎಂದರು. ಬಯಾಪ್ಸಿಯ ವಿಷಯ ನಾನು ಎತ್ತಲಿಲ್ಲ. ವಾರ ಮುಗಿಯುವುದರೊಳಗೆ ಗೋಡೆ ಖಾಲಿಯಾಗಿತ್ತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕನ್ನಡದವರ ನಡುವೆ ಸುದ್ದಿ ಬೇರೆಯೇ ರೂಪದಲ್ಲಿ ಹರಡಿತು. ಹುಷಾರಿಲ್ಲದ ಹೆಂಗಸಿನ ಮೇಲೆ ನಾನು ಹೊಟ್ಟೆಕಿಚ್ಚಿಗೆ ಕಂಪ್ಲೇಂಟ್ ಮಾಡಿದೆನಂತೆ. ಅಕ್ಕನ ಮನೆಗೆ ಸರದಿಯ ಮೇಲೆ ಊಟದ ಡಬ್ಬಿಗಳು ಹೋಗತೊಡಗಿದವು. ನಮ್ಮ ಕಿಟಕಿಯಿಂದಲೇ ಕಾರುಗಳು ನಿಲ್ಲುವುದು ಕಾಣುತ್ತಿತ್ತು. ಹಬ್ಬಕ್ಕೆ ಕರೆಯುತ್ತಿದ್ದ ಒಬ್ಬ ಆಂಟಿ ಫೋನ್ ಮಾಡಿ, "ಫೋಟೋ ಏನಮ್ಮ, ಇವತ್ತು ಇರತ್ತೆ ನಾಳೆ ಹೋಗತ್ತೆ. ಕ್ಯಾನ್ಸರ್ ಅಂತ ಹೆದರಿದ್ದೋರ ಮನಸ್ಸು ನೋಯಿಸ್ಬಾರ್ದಿತ್ತು," ಎಂದು ಬುದ್ಧಿ ಹೇಳಿದರು. ನಾನು ಹೂಂ ಎಂದೆ. ಗಂಡ ಫೋನ್ ಕಸಿದುಕೊಳ್ಳಲು ಕೈ ಚಾಚಿದರು, ನಾನು ಕೊಡಲಿಲ್ಲ. ನನ್ನ ಮೈಯ ಕಥೆಯನ್ನು ಸಾಕ್ಷಿಯಾಗಿ ಮನೆಮನೆಗೆ ಹೊತ್ತುಕೊಂಡು ಹೋಗಲು ನನಗೆ ಇಷ್ಟವಿರಲಿಲ್ಲ. ಇವತ್ತಿಗೂ ಇಲ್ಲ.

ಈಗ ನಾನೇ ಡ್ರೈವ್ ಮಾಡಿಕೊಂಡು ಮೃಗಾಲಯಕ್ಕೆ ಹೋಗುತ್ತೇನೆ. ಮೊದಲ ಸಲ ಹೋದಾಗ ಬಲಪಕ್ಕದ, ನಿಧಾನ ಹೋಗುವವರ ಲೇನ್ ಬಿಟ್ಟು ಕದಲಲಿಲ್ಲ, ಹಿಂದಿನವರೆಲ್ಲ ಹಾರ್ನ್ ಹೊಡೆದರು. ಅಂಥ ಚಿತ್ರ ಮತ್ತೆ ಸಿಕ್ಕಿಲ್ಲ. ಹೆಣ್ಣು ಹದ್ದು ಮೊದಲಿನಷ್ಟು ಮೇಲೆ ಹತ್ತುವುದಿಲ್ಲ, ಕೆಳಗಿನ ದಿಮ್ಮಿಯಲ್ಲೇ ಕೂರುತ್ತದೆ. ಥರ್ಮಾಸ್ ತೆರೆದಾಗ ಪಕ್ಕಕ್ಕೆ ತಿರುಗಿ ಏನೋ ಹೇಳಲು ಹೋಗುತ್ತೇನೆ. ಮೋಸ ಹೋದ ಸಿಟ್ಟು ಕಡಿಮೆಯಾಗಿಲ್ಲ, ಅವರು ಇರಬೇಕಿತ್ತು ಅನ್ನಿಸುವುದೂ ಕಡಿಮೆಯಾಗಿಲ್ಲ.

ಮೊನ್ನೆ ಇಂಡಿಯನ್ ಸ್ಟೋರ್‌ನಲ್ಲಿ ಕೊತ್ತಂಬರಿ ಆರಿಸುತ್ತಿದ್ದೆ. ಪಕ್ಕದಲ್ಲಿ ಅಕ್ಕನ ದನಿ ಕೇಳಿತು. ಅವರ ಜೊತೆ ನನಗೆ ಪರಿಚಯವಿಲ್ಲದ ಒಬ್ಬ ಯುವತಿ ಇದ್ದಳು, ಊರಿಗೆ ಹೊಸಬಳಿರಬೇಕು. ಅಕ್ಕ ನನ್ನನ್ನು ನೋಡಿದರು, ನಕ್ಕರು, ಅಭ್ಯಾಸಬಲದಿಂದಲೋ ಏನೋ ನನ್ನ ಕೈ ಹಿಡಿದು, "ಹೇಗಿದ್ದಿ? ಈ ವರ್ಷದ ಮ್ಯಾಮೊಗ್ರಾಮ್ ಆಯ್ತಾ?" ಎಂದು ಮೆಲ್ಲಗೆ ಕೇಳಿದರು. ಅವರ ದನಿಯಲ್ಲಿ ಹಳೆಯ ಕಾಳಜಿಯೇ ಇತ್ತು. "ಆಯ್ತು ಅಕ್ಕ. ಸರಿಯಾಗಿದೆ," ಎಂದೆ.

ಆ ಹುಡುಗಿ ಗಾಬರಿಯಿಂದ ನಮ್ಮಿಬ್ಬರನ್ನೂ ನೋಡಿ, "ಯಾಕೆ ಆಂಟಿ, ಏನಾಗಿತ್ತು?" ಎಂದು ಕೇಳಿದಳು.

"ಇವಳಿಗೆ ಎಂಥದೂ ಇಲ್ಲ," ಎಂದರು ಅಕ್ಕ. "ನನಗೆ ಆಗಿತ್ತು ಮಗಾ. ಬಯಾಪ್ಸಿ. ಫಲಿತಾಂಶ ಬರುವವರೆಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಅದಕ್ಕೇ ಈಗ ಎಲ್ಲರಿಗೂ ನೆನಪು ಮಾಡ್ತೇನೆ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವರ ಅಳುಕು ಅಲ್ಲಿರಲಿಲ್ಲ. ಕಣ್ಣಂಚಿನಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಕೈಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ. ನಾನೇ ಬಿಡಿಸಿಕೊಂಡು ಬಿಲ್ ಮಾಡಿಸಲು ಸಾಲಿಗೆ ಹೋಗಿ ನಿಂತೆ.