ಗಿರಣಿ ಮಾವಶಿಯ ಒನ್ಸ್ ಮೋರ್

ಗಿರಣಿ ಮಾವಶಿಯ ಹುಬ್ಬು ನಾನು ನೋಡಿದ ಮೊದಲ ದಿನದಿಂದಲೂ ಬೆಳ್ಳಗಿತ್ತು. ಅಜ್ಜಿಯಾಗಿದ್ದಾಳೆ ಅಂದುಕೊಂಡಿದ್ದೆ. ಅದು ಜೋಳದ ಹಿಟ್ಟು ಅಂತ ಗೊತ್ತಾಗಿದ್ದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಾಗ. ಹುಬ್ಬು, ರೆಪ್ಪೆ, ಕಿವಿಯ ಮುಂದಿನ ಸಣ್ಣ ಕೂದಲು, ಮೂಗುತಿಯ ಸುತ್ತು, ಎಲ್ಲೆಲ್ಲಿ ಜಾಗ ಸಿಕ್ಕಿತ್ತೋ ಅಲ್ಲೆಲ್ಲ ಹಿಟ್ಟು ಬಿಡಾರ ಹೂಡಿತ್ತು. ನಾಟಕಕ್ಕೆ ಹೊರಟ ದಿನ ಮುಖವನ್ನು ಎರಡೆರಡು ಸಲ ತೊಳೆದು, ದಡಿ ಸೀರೆ ಉಟ್ಟು, ಹೂ ಮುಡಿದು ಬರುತ್ತಿದ್ದಳು. ಆದರೂ ಹುಬ್ಬಿನಲ್ಲಿ ಒಂದಿಷ್ಟು ಉಳಿದಿರುತ್ತಿತ್ತು. ಅದನ್ನು ತೋರಿಸಿದರೆ, "ಇರ್ಲಿ ತಗೀರಿ ಅಕ್ಕೋರ, ನೀವ್ ಬಣ್ಣಾ ಹಚಗೊಂಡ್ ಮ್ಯಾಲ ನಿಂದರ್ತೀರಿ, ನಾ ಹಿಟ್ಟ ಹಚಗೊಂಡ್ ಕೆಳಗ ಕುಂದರ್ತೀನಿ. ಮೇಕಪ್ ಇಬ್ಬರದೂ ಐತಿ" ಅನ್ನುತ್ತಿದ್ದಳು.

ನಾನು ಉಗಾರ ಖುರ್ದದ ಶಾಲೆಯಲ್ಲಿ ಶಿಕ್ಷಕಿ. ಎರಡು ಸಾವಿರದ ದಶಕದ ಮಧ್ಯದಲ್ಲಿ ಅಲ್ಲಿಗೆ ಬಂದೆ. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು, ಚಿಕ್ಕಮ್ಮನಿಗೆ ಮಾವಶಿ ಎನ್ನುತ್ತಾರೆ. ಪೇಟೆಯ ಹಿಂದಿನ ಓಣಿಯಲ್ಲಿ ಮಾವಶಿಯ ಹಿಟ್ಟಿನ ಗಿರಣಿ. ಒಳಗೆ ಹೋದರೆ ಎದುರಿಗೇ ಬುದ್ಧನ ಪಟ, ಅದರ ಮೇಲೂ ಹಿಟ್ಟು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ನೌಕರ, ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವಂಥ ಮನುಷ್ಯ. ಮಾವಶಿ ಅದಕ್ಕೆ ಪೂರಾ ತದ್ವಿರುದ್ಧ. ದಿನವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿ ಆಡಿ ಆಕೆಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಓಣಿಯ ಆ ತುದಿಗೆ ಕೇಳುತ್ತಿತ್ತು. ಹಾಗಾಗಿ ಆಕೆಗೆ ಯಾರೂ ಗುಟ್ಟು ಹೇಳುತ್ತಿರಲಿಲ್ಲ.

ಆಕೆಯ ಹುಚ್ಚೆಂದರೆ ಹಾಡಿನ ನಾಟಕ. ಕಾಗವಾಡದಲ್ಲಿರಲಿ, ಅಥಣಿಯಲ್ಲಿರಲಿ, ಸತ್ತಿಯ ಹೊಳೆ ದಂಡೆಯಲ್ಲಿರಲಿ, ಹಾಡಿನ ನಾಟಕ ಅಂತ ಕಿವಿಗೆ ಬಿದ್ದರೆ ಗಿರಣಿಯ ಪಟ್ಟಾ ಬಿಚ್ಚಿಟ್ಟು ಹೊರಟುಬಿಡುತ್ತಿದ್ದಳು. ಕನ್ನಡದ್ದೂ ಆಯಿತು, ಮರಾಠಿಯದೂ ಆಯಿತು. ಮಾತಿನ ನಾಟಕ ಮಾತ್ರ ಆಕೆಗೆ ಸೇರುತ್ತಿರಲಿಲ್ಲ. "ಬರೇ ಮಾತ ಕೇಳೂದಿದ್ರ ಗಿರಣ್ಯಾಗ ಕುಂದರ್ತಿದ್ನಲ್ಲ? ಇಲ್ಲೇನ್ ಕಡಿಮಿ ಐತಿ?" ಎನ್ನುತ್ತಿದ್ದಳು. ಮೆಚ್ಚಿದ ಹಾಡು ಮುಗಿಯಿತೋ ಇಲ್ಲವೋ, ಮುಂದಿನ ಸಾಲಿನ ಕುರ್ಚಿಯಿಂದ ಆಕೆಯ "ಒನ್ಸ್ ಮೋರ್!" ಬಂದೇ ಬರಬೇಕು. ಅದಾದ ಮೇಲೆ ಇಡೀ ಮಂದಿ ದನಿಗೂಡಿಸುತ್ತಿತ್ತು. ನಮ್ಮ ಸೀಮೆಯಲ್ಲಿ ಒನ್ಸ್ ಮೋರ್ ಬಿದ್ದ ಮೇಲೆ ನಟಿ ಮತ್ತೆ ಹಾಡದೆ ಮುಂದೆ ಹೋಗುವಂತಿಲ್ಲ. ಹೋದರೆ ಅದು ಊಟಕ್ಕೆ ಕೂತವರ ಎದುರಿನ ತಾಟು ಎಳೆದುಕೊಂಡಷ್ಟೇ ಕೆಟ್ಟದ್ದು.

ನಾವೂ ಒಂದು ತಂಡ ಕಟ್ಟಿದ್ದೆವು. ಇಬ್ಬರು ಮೂವರು ಶಿಕ್ಷಕರು, ಕಾರ್ಖಾನೆಯ ನಾಲ್ಕಾರು ಜನ, ಹಾರ್ಮೋನಿಯಂಗೆ ನಿವೃತ್ತರಾದ ನಮ್ಮ ಸಂಗೀತ ಮಾಸ್ತರರು. ಅವರೇ ಬರೆದು, ಅವರೇ ರಾಗ ಹಾಕಿದ ನಾಟಕ 'ಹೊಳಿದಂಡಿ ಹೊನ್ನವ್ವ'. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬಂದಾಗ ಆಚೆ ದಂಡೆಯ ತವರಿಗೆ ಹೋಗಲಾರದೆ ನಿಂತ ಹೆಣ್ಣುಮಗಳ ಕತೆ. ಹೊನ್ನವ್ವ ನಾನು. ಮೊದಲ ಸಲ ಬಣ್ಣ ಹಚ್ಚಿದ್ದೆ. ಅದರಲ್ಲಿ ಒಂದು ಹಾಡಿತ್ತು, 'ಹೊಳಿ ತುಂಬಿ ಬಂದೈತಿ, ತವರು ಆ ದಂಡಿಗೈತಿ' ಅಂತ ಶುರುವಾಗುವುದು. ತಾಲೀಮಿನಲ್ಲಿ ಅದನ್ನು ಹಾಡುವಾಗಲೇ ನನ್ನ ಕಣ್ಣು ಹೊಳೆಯ ದಿಕ್ಕಿಗೆ ಹೋಗುತ್ತಿತ್ತು. ಹೊಳೆಯಾಚೆ ನನ್ನ ತವರೂ ಇತ್ತಲ್ಲ.

ಆ ವರ್ಷ ಚಿಕ್ಕೋಡಿಯಲ್ಲಿ ಸಂಘವೊಂದು ನಾಟಕ ಸ್ಪರ್ಧೆ ಇಟ್ಟಿತ್ತು. ಎಲ್ಲ ನಾಟಕ ಮುಗಿದ ಮೇಲೆ ಸಿನಿಮಾದವರ ಹಾಗೆ ಮೊದಲು ನಾಮಿನೇಶನ್ ಪ್ರಕಟಿಸುವುದು, ಆಮೇಲೆ ಸಮಾರಂಭದಲ್ಲಿ ಬಹುಮಾನ ಕೊಡುವುದು. ನಾವು ಆಡಿದ ಸಂಜೆ ಸಭಾಗೃಹ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಹೊಳೆಯ ಹಾಡಿಗೆ ಒನ್ಸ್ ಮೋರ್ ಬಿತ್ತು. ಹಾಡಿದೆ. ಮತ್ತೆ ಬಿತ್ತು. ಮತ್ತೆ ಹಾಡಿದೆ. ಎರಡೂ ಸಲ ಮೊದಲು ಬಂದ ದನಿ ಯಾರದೆಂದು ನಾನು ಹೇಳಬೇಕಾಗಿಲ್ಲ. ಪರದೆ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಹುಮಾನ ಮನೆಗೇ ಬಂದಿತು ಅಂತ ನಾವೆಲ್ಲ ಮಂಡಿಗೆ ತಿಂದೆವು, ಮನಸ್ಸಿನಲ್ಲೇ.

ಪಟ್ಟಿ ಪತ್ರಿಕೆಯಲ್ಲಿ ಬಂತು. ನಾಟಕಕ್ಕೆ ಇಲ್ಲ, ಸಂಗೀತಕ್ಕೆ ಇಲ್ಲ, ನಟಿಗೆ ಇಲ್ಲ. ಕಡೆಗೆ ಬೆಳಕು ಬಿಟ್ಟವನ ಹೆಸರೂ ಇಲ್ಲ.

ಆ ವಾರ ಗಿರಣಿಯಲ್ಲಿ ಜೋಳಕ್ಕಿಂತ ಹೆಚ್ಚು ಪರೀಕ್ಷಕರನ್ನೇ ಬೀಸಿದರು. ಡಬ್ಬಿ ಇಟ್ಟು ಪಾಳಿ ಕಾಯುವವರೆಲ್ಲ ನಾಟಕದ ಪಂಡಿತರಾದರು. "ಸುರ ತಿಳೀಲಾರದವ್ರನ್ನ ಪರೀಕ್ಷಾಕ ಕುಂದ್ರಿಸ್ಯಾರ" ಎಂದ ಒಬ್ಬ. "ಹಾಡ ಜಾಸ್ತಿ ಆದೂ ನೋಡ, ಈಗ ಹಾಡಿನ ನಾಟಕಾ ಯಾರಿಗೆ ಬೇಕಾಗೇತಿ?" ಎಂದ ಇನ್ನೊಬ್ಬ. ಅವನ ಡಬ್ಬಿ ಪಾಳಿಯ ಕೊನೆಗೆ ಹೋಯಿತು, ಮಾವಶಿಯೇ ಸರಿಸಿದಳು. ಮರಾಠಿ ಮಾತಾಡುವ ಮುದುಕಿಯೊಬ್ಬಳು, "ಬಾಯೀ, ಆಮ್ಹೀ ರಡಲೋ ತಿಥಂ," ಎಂದಳು. ಅಲ್ಲಿ ನಾವು ಅತ್ತೆವು, ಅಷ್ಟೇ ಆಕೆಯ ವಾದ. ಮಾವಶಿಗೆ ಅದೇ ತೀರ್ಪು. "ಇಷ್ಟ ಮಂದಿ ಅತ್ತೈತಿ. ಅವರ ಕಣ್ಣಾಗ ಮಾತ್ರ ಏನ್ ಕಲ್ಲ ಇತ್ತೇನ್?" ಎಂದು ಗಿರಣಿಯ ಬಾಯಿಗೆ ಜೋಳ ಸುರಿಯುತ್ತಾ ಕೂಗಿದಳು. ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ನಮ್ಮ ಸಂಗೀತ ಮಾಸ್ತರರು ಬಂದರು. ಚಿಕ್ಕೋಡಿಗೆ ಹೋಗಿ ಸಂಘದವರನ್ನು ಕೇಳಿ ಬಂದಿದ್ದರು. ಗಿರಣಿ ಜೋರಾಗಿ ತಿರುಗುತ್ತಿತ್ತು. ಅವರು ಏನೋ ಹೇಳಿದರು, ಯಾರಿಗೂ ಕೇಳಿಸಲಿಲ್ಲ. "ಏನ್ರಿ? ಜೋರ್ ಹೇಳ್ರಿ!" ಎಂದು ಮಾವಶಿ ಕಿವಿಗೆ ಕೈ ಹಚ್ಚಿದಳು. ಮಾಸ್ತರರು ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಗಿರಣಿ ನಿಂತಿತು. ತೆಪ್ಪಗಾದ ಓಣಿಯಲ್ಲಿ ಅವರ ದನಿ ಒಂದೇ ಉಳಿಯಿತು:

"ಒನ್ಸ್ ಮೋರ್‌ದಿಂದ ಕೆಟ್ಟಿತ್ರೀ ನಾಟಕಾ!"

ಸ್ಪರ್ಧೆಗೆ ಹೊತ್ತಿನ ಮಿತಿ ಇತ್ತಂತೆ. ಎರಡು ಸಲ ಮರಳಿ ಹಾಡಿದ್ದರಿಂದ ನಾವು ಆ ಗೆರೆ ದಾಟಿದ್ದೆವು. ದಾಟಿದ ನಾಟಕವನ್ನು ಯಾವ ಬಹುಮಾನಕ್ಕೂ ಹಿಡಿಯುವಂತಿಲ್ಲ. ಪರೀಕ್ಷಕರು ತಾವೂ ಮರುಗಿದರಂತೆ, ಆದರೆ ನಿಯಮ ನಿಯಮವೇ. ಎಲ್ಲರ ಕಣ್ಣೂ ಮಾವಶಿಯ ಮೇಲೆ. ಆಕೆ ಪೊರಕೆ ತೆಗೆದುಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು.

ಮಾಸ್ತರರು ಹೋಗುವಾಗ ಹೇಳಿದ ಮಾತು ಅದಕ್ಕಿಂತ ಕಹಿಯಾಗಿತ್ತು. "ಮುಂದಿನ ವರ್ಷ ಹಾಡಿಲ್ಲದ್ದು ಆಡೂಣ್ರಿ. ಹೊನ್ನವ್ವನ ಪೆಟಿಗ್ಯಾಗ ಇಟ್ಟಬಿಡೂಣು." ಹಾಡಿಲ್ಲದ ನಾಟಕದಲ್ಲಿ ನನಗೇನು ಕೆಲಸ? ಮನೆಗೆ ಬಂದು ಹಿಟ್ಟಿನ ಡಬ್ಬಿ ಇಟ್ಟು ಅತ್ತೆ. ಬಹುಮಾನ ಹೋಗಲಿ, ಆ ಹಾಡು ಇನ್ನು ಯಾರ ಎದುರಿಗೂ ಹಾಡುವಂತಿಲ್ಲವಲ್ಲ ಅಂತ.

ಮರುದಿನ ಬೆಳಿಗ್ಗೆ ಮಾವಶಿ ಶಾಲೆಯ ಗೇಟಿನಲ್ಲಿ ನಿಂತಿದ್ದಳು. "ಕೆಡಿಸಿದ ಬಾಯೇ ನೆಟ್ಟಗ ಮಾಡ್ತೈತ್ರಿ ಅಕ್ಕೋರ. ಹೊನ್ನವ್ವ ಪೆಟಿಗ್ಯಾಗ ಹೋಗೂದಿಲ್ಲ" ಎಂದಳು. ಏನು ಮಾಡುತ್ತೀರಿ ಮಾವಶಿ ಎಂದರೆ, "ಗಡಿಯಾರ ಇಲ್ಲದ್ದ ನಾಟಕಾ ಮಾಡ್ಸತೀನಿ" ಎಂದು ಹೊರಟೇ ಹೋದಳು.

ಅಂದಿನಿಂದ ಜೋಳ, ಗೋಧಿ, ಕಡಲೆ ಹಿಡಿದು ಗಿರಣಿಗೆ ಬಂದವರೆಲ್ಲ ಹಿಟ್ಟಿನ ಜೊತೆಗೆ ನಾಟಕದ ಕರೆಯನ್ನೂ ಹೊತ್ತುಕೊಂಡು ಹೋದರು. ಒಬ್ಬರು ಮಂಟಪ ಹಾಕುತ್ತೇವೆಂದರು, ಕಬ್ಬಿನ ಗಾಡಿಯವರು ಹಲಗೆ ತಂದರು, ಸತ್ತಿಯವರು ಒಂದು ಟ್ರ್ಯಾಕ್ಟರ್ ತುಂಬ ಜನ ಬರುತ್ತೇವೆಂದರು. ಮಾಸ್ತರರು ಮೊದಲು ಗೊಣಗಿದರು, ಆಮೇಲೆ ಹಾರ್ಮೋನಿಯಂನ ಧೂಳು ಒರೆಸಿದರು. ಮಾವಶಿ ಒಬ್ಬಳೇ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಸಂಘದ ಕಾರ್ಯದರ್ಶಿಯನ್ನೇ ಕರೆದು ಬಂದಳು. ಜಗಳಕ್ಕೆ ಹೋಗಿದ್ದಾಳೆಂದು ನಾವು ಹೆದರಿದ್ದೆವು. ಆಕೆ ಹೇಳಿದ್ದು ಇಷ್ಟೇ ಅಂತೆ: "ತಪ್ಪ ನಮ್ಮದ ಐತ್ರಿ ಸಾಹೇಬ್ರ. ಆದ್ರ ಒಮ್ಮೆ ಬಂದ್ ನೋಡ್ರಿ, ಯಾಕ್ ತಪ್ಪ ಆತು ಅಂತ. ಗಡಿಯಾರಾ ಮನ್ಯಾಗ ಬಿಟ್ಟ ಬರ್ರಿ."

ಕಾರ್ಯದರ್ಶಿ ಬಂದರು. ಗಂಭೀರ ಮುಖದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಪೇಟೆಯ ಬಯಲಿನಲ್ಲಿ ಹಾಕಿದ ರಂಗದ ಮುಂದೆ, ಮೊದಲ ಸಾಲಿನಲ್ಲಿ, ಮಾವಶಿಯ ಪಕ್ಕದಲ್ಲೇ ಅವರ ಕುರ್ಚಿ. ಹೊಳೆಯ ಹಾಡು ಬಂತು. ಆ ಸಂಜೆ ನಾನು ಹೇಗೆ ಹಾಡಿದೆನೋ ನನಗೆ ಗೊತ್ತಿಲ್ಲ. ಹಾಡು ಮುಗಿಯಿತು. ಜನ ಮಾವಶಿಯ ದನಿಗೆ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಕೆಳಗೆ ನೋಡುತ್ತೇನೆ, ಮಾವಶಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಾಳೆ. ಕಣ್ಣೀರು ಧಾರಾಕಾರ, ಬಾಯಿಗೆ ಮಾತ್ರ ಬೀಗ ಹಾಕಿದೆ. ಗಡಿಯಾರ ಇಲ್ಲದಿದ್ದರೂ ತನ್ನ ಬಾಯಿಂದ ಇನ್ನೊಮ್ಮೆ ನಾಟಕ ಕೆಡಬಾರದೆಂದು ಆಣೆ ಮಾಡಿಕೊಂಡಿದ್ದಳಂತೆ. ಆಕೆ ಕೂಗದೆ ಬೇರೆ ಯಾರಿಗೂ ಮೊದಲು ಕೂಗಿ ರೂಢಿಯಿಲ್ಲ.

ಆಗ ಮೊದಲ ಸಾಲಿನಿಂದಲೇ ಒಂದು ಸಣ್ಣ, ಹೆದರಿದ ಗಂಡುದನಿ ಬಂತು.

"ಒನ್ಸ್ ಮೋರ್..."

ಕಾರ್ಯದರ್ಶಿ! ಅವರಿಗೆ ತಾವು ಏನಂದೆವೆಂಬುದು ಅಂದ ಮೇಲೆಯೇ ಗೊತ್ತಾಗಿರಬೇಕು. ಕರ್ಚೀಫು ತೆಗೆದು ಬಾಯಿ ಮುಚ್ಚಿಕೊಂಡರು. ಮಾವಶಿ ಬಾಯಿಂದ ಸೆರಗು ಎಳೆದು, ಇಡೀ ಉಗಾರಕ್ಕೆ ಕೇಳುವಂತೆ, "ಸಾಹೇಬ್ರ, ಟೈಮ್ ಅಕ್ಕೈತಿ ನೋಡ್ರಿ!" ಎಂದಳು. ಬಯಲು ಬಯಲೇ ನಗೆಯಲ್ಲಿ ಮುಳುಗಿತು. ಕಾರ್ಯದರ್ಶಿಯೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಆಗ್ಲಿ ಬಿಡ್ರಿ ಮಾವಶಿ, ನೀವೂ ಅನ್ರಿ" ಎಂದರು. ಅಷ್ಟು ಸಾಕಾಯಿತು. ಎಷ್ಟೋ ಹೊತ್ತಿನಿಂದ ಕಟ್ಟಿಹಾಕಿದ್ದ ಆಕೆಯ "ಒನ್ಸ್ ಮೋರ್!" ಹೊರಬಿದ್ದಾಗ ಕಾರ್ಖಾನೆಯ ಭೋಂಗಾವೇ ಊದಿತೇನೋ ಎನ್ನಿಸಿತು. ಹಿಂದೆಯೇ ಸಾವಿರ ಬಾಯಿ. ನಾನು ಹಾಡಿದೆ. ಎಷ್ಟು ಸಲ ಹಾಡಿದೆನೋ ಯಾರೂ ಎಣಿಸಲಿಲ್ಲ. ಎಣಿಸಬಾರದೆಂದೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು.

ಮುಂದಿನ ವರ್ಷದ ಸ್ಪರ್ಧೆಯ ನಿಯಮಗಳಲ್ಲಿ ಹೊಸದೊಂದು ಸೇರಿತ್ತು. ಪ್ರೇಕ್ಷಕರ ಒತ್ತಾಯಕ್ಕೆ ಮರಳಿ ಹಾಡಿದ ಹೊತ್ತನ್ನು ನಾಟಕದ ಲೆಕ್ಕಕ್ಕೆ ಹಿಡಿಯಬಾರದು ಅಂತ. ಸೀಮೆಯ ನಾಟಕದವರು ಅದನ್ನು ಇವತ್ತಿಗೂ ಮಾವಶಿ ನಿಯಮ ಎನ್ನುತ್ತಾರೆ. ನಮಗೆ ಅದರಿಂದ ಬಹುಮಾನವೇನೂ ಬರಲಿಲ್ಲ, ಒಮ್ಮೆ ಆಡಿದ ನಾಟಕವನ್ನು ಮತ್ತೆ ಸ್ಪರ್ಧೆಗೆ ತರುವಂತಿರಲಿಲ್ಲ. ಆದರೆ ಹೊನ್ನವ್ವ ರಾಯಬಾಗಕ್ಕೆ ಹೋದಳು, ನಿಪ್ಪಾಣಿಗೆ ಹೋದಳು, ಕರೋಶಿಯಲ್ಲಿ ಮಳೆಯಲ್ಲೂ ಆಡಿದಳು. ಬಹುಮಾನ ಪಡೆದ ಆ ವರ್ಷದ ನಾಟಕ ಯಾವುದೆಂದು ಕೇಳಿದರೆ ನನಗೂ ನೆನಪಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡರೂ ಅಡ್ಡಿಯಿಲ್ಲ.

ಹಿಟ್ಟಿನ ಧೂಳು ಮಾವಶಿಯ ಎದೆಗೆ ಇಳಿದಿತ್ತು. ಕೊನೆಕೊನೆಗೆ ಆ ದನಿ ಸಣ್ಣದಾಯಿತು, ಆಮೇಲೆ ಒಂದು ಚಳಿಗಾಲದಲ್ಲಿ ಆಕೆಯೇ ಹೋದಳು. ಮನೆಯಲ್ಲಿ ಬುದ್ಧ ವಂದನೆ ಮುಗಿದ ಮೇಲೆ ಓಣಿಯ ಹೆಂಗಸರು ನನ್ನನ್ನು ಹಾಡಲು ಹೇಳಿದರು. ಹೊಳೆಯ ಹಾಡನ್ನೇ ಹಾಡಿದೆ. ಮುಗಿಸಿ ತಲೆ ತಗ್ಗಿಸಿ ಕೂತಿದ್ದೆ. ಯಾವ ನಾಟಕಕ್ಕೂ ಬಾರದ, ಯಾವತ್ತೂ ಮಾತಾಡದ ಆಕೆಯ ಗಂಡ ಮೂಲೆಯಿಂದ, "ಅಕ್ಕೋರ, ಇನ್ನೊಮ್ಮೆ ಹಾಡ್ರಿ. ಆಕಿ ಇದ್ದಿದ್ರ ಬಿಡ್ತಿದ್ದಿಲ್ಲ" ಎಂದರು. ಹಾಡಿದೆ.

ಈಗ ನನ್ನನ್ನೂ ಕೆಲವು ಸ್ಪರ್ಧೆಗಳಿಗೆ ಪರೀಕ್ಷಕಿಯಾಗಿ ಕರೆಯುತ್ತಾರೆ. ಮೇಜಿನ ಮೇಲೆ ಹೊತ್ತು ಅಳೆಯುವ ಗಡಿಯಾರ ಇಟ್ಟಿರುತ್ತಾರೆ. ಯಾವುದೋ ಊರಿನ ಯಾವುದೋ ಹುಡುಗಿ ಹಾಡಿ ಮುಗಿಸುತ್ತಾಳೆ, ಹಿಂದಿನಿಂದ ಯಾರೋ ಒಬ್ಬರು "ಒನ್ಸ್ ಮೋರ್!" ಎಂದು ಕೂಗುತ್ತಾರೆ, ಹುಡುಗಿ ಗಾಬರಿಯಿಂದ ನಮ್ಮ ಮೇಜಿನ ಕಡೆ ನೋಡುತ್ತಾಳೆ. ನಾನು ಗಡಿಯಾರ ನಿಲ್ಲಿಸಿ, ಅದನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿಯುತ್ತೇನೆ. "ಹಾಡ ಬೇ" ಎನ್ನುತ್ತೇನೆ.