ಹನ್ನೊಂದರ ಗಂಟೆಗೆ ಮೊದಲು

ಡಿಸೆಂಬರ್ ತಿಂಗಳ ಎರಡನೇ ಶನಿವಾರ, ಬೆಳಗ್ಗೆ ಐದೂವರೆ. ಉಜಿರೆಯಲ್ಲಿ ಎರಡು ವಾರಕ್ಕೆಂದು ಬಾಡಿಗೆಗೆ ಹಿಡಿದ ಮಹಡಿಯ ಕೋಣೆ. ಹಾಜರಿದ್ದವರು ಮೂವರು: ನಾನು, ನನ್ನ ಮಗಳು, ಅವಳ ನಾಲ್ಕು ತಿಂಗಳ ಹೆಣ್ಣುಮಗು. ಸರಿಯಾಗಿ ನಿದ್ದೆ ಮಾಡಿ ಎದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮಗಳು ನೆಲದ ಮೇಲೆ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮಗುವಿನ ಬಟ್ಟೆ ಅಡಿಗೆ, ಅವಳದ್ದು ಮೇಲೆ. ಮೇಜಿನ ಮೇಲಿದ್ದ ಪುಸ್ತಕಗಳನ್ನು ಮುಟ್ಟಲಿಲ್ಲ.

"ಅತ್ತೆ ಹತ್ತು ಗಂಟೆ ಹೊತ್ತಿಗೆ ಬರ್ತಾರೆ ಅಪ್ಪ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಶಿಬಿರದ ಮೇಡಂ ಹತ್ರ ಹೇಳ್ತೇನೆ. ಮತ್ತೆ ಹೊರಡುವ."

"ಎಂತ ಹೇಳುದು?"

"ಆಗುದಿಲ್ಲ ಅಂತ. ಇನ್ನೆಂತ ಹೇಳ್ಲಿಕ್ಕುಂಟು?"

ಅವಳ ಹಣೆ ಮುಟ್ಟಿ ನೋಡಿದೆ. ರಾತ್ರಿಯ ಜ್ವರ ಪೂರ್ತಿ ಇಳಿದಿರಲಿಲ್ಲ. ಮಗು ಕುಡಿಯದೆ ಉಳಿದ ಹಾಲು ಎದೆಯಲ್ಲಿ ಗಟ್ಟಿಯಾಗಿ ಬಂದ ಜ್ವರ ಅದು. ಇದನ್ನೆಲ್ಲ ಅಪ್ಪನ ಹತ್ತಿರ ಹೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ಆ ಕೋಣೆಯಲ್ಲಿ ಹೇಳಲು ಬೇರೆ ಯಾರೂ ಇರಲಿಲ್ಲ.

ನಾನು ವಾಮದಪದವಿನ ಹತ್ತಿರದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಕೊರಳಲ್ಲಿ ವಿಶಲ್, ಕೈಯಲ್ಲಿ ಗಡಿಯಾರ ಇಟ್ಟುಕೊಂಡೇ ಕಸುಬು ಮುಗಿಸಿದೆ. ಈಗಲೂ ಐದಕ್ಕೆ ಏಳುತ್ತೇನೆ, ಹಾಸಿಗೆ ಮಡಚಿಟ್ಟ ಮೇಲೆಯೇ ನೀರು ಕುಡಿಯುತ್ತೇನೆ. ಮಗಳು ಬಂಟ್ವಾಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೀಡಿ ಕಟ್ಟುವ ಹೆಂಗಸರು ದಿನದ ಎಷ್ಟು ಹೊತ್ತು ದುಡಿಯುತ್ತಾರೆ, ಅದರಲ್ಲಿ ಎಷ್ಟನ್ನು ದುಡಿಮೆ ಎಂದು ಎಣಿಸಲಾಗುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ಅದಕ್ಕೆ ಉಜಿರೆಯ ಕಾಲೇಜೊಂದರಲ್ಲಿ ನಡೆಯುವ ಎರಡು ವಾರಗಳ ಶಿಬಿರ ಕಡ್ಡಾಯ. ಬೆಳಗ್ಗೆಯಿಂದ ಸಂಜೆಯವರೆಗೆ ತರಗತಿ, ಒಂದು ದಿನವೂ ತಪ್ಪುವಂತಿಲ್ಲ, ಕೊನೆಯ ದಿನ ಸಮಿತಿಯ ಮುಂದೆ ತನ್ನ ಕೆಲಸದ ಯೋಜನೆಯನ್ನು ಮಂಡಿಸಬೇಕು. ಹೋದ ವರ್ಷ ಇದೇ ಶಿಬಿರಕ್ಕೆ ಹೊರಟಿದ್ದಾಗ ಅವಳ ಅಮ್ಮ, ಅಂದರೆ ನನ್ನ ಹೆಂಡತಿ, ತೀರಿಕೊಂಡಳು. ಈ ಸಲವೂ ಬಿಟ್ಟರೆ ನೋಂದಣಿಯೇ ರದ್ದಾಗುತ್ತದೆ ಎಂದು ಮಾರ್ಗದರ್ಶಕರು ಖಂಡಿತವಾಗಿ ಹೇಳಿದ್ದರು.

ಅಳಿಯ ಗಲ್ಫಿನಲ್ಲಿದ್ದಾನೆ, ರಜೆ ಇರುವುದು ಏಪ್ರಿಲಿನಲ್ಲಿ. ಮಗುವನ್ನು ತನ್ನಲ್ಲಿ ಬಿಟ್ಟು ಹೋಗಲಿ ಎಂದು ಮೂಡುಬಿದಿರೆಯಲ್ಲಿರುವ ಬೀಗಿತ್ತಿ, ಮಗಳ ಅತ್ತೆ, ಹೇಳಿದ್ದರು. ಆದರೆ ಮಗು ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ತಾಯಿ ಇದ್ದಲ್ಲಿ ಮಗು ಇರಲೇಬೇಕು, ಮಗು ಇದ್ದಲ್ಲಿ ನೋಡಿಕೊಳ್ಳುವವರು ಒಬ್ಬರು ಬೇಕು. ನಾನು ಹೊರಟೆ. "ನೀವಾ?" ಎಂದು ಬೀಗಿತ್ತಿ ಫೋನಿನಲ್ಲಿ ಎರಡು ಸಲ ಕೇಳಿದರು.

ಹೊರಟವನು ಮೊದಲು ಮಾಡಿದ ಕೆಲಸವೆಂದರೆ ಶಿಬಿರದ ವೇಳಾಪಟ್ಟಿಯನ್ನು ತರಿಸಿ ಮಗುವಿಗೂ ಒಂದು ಕ್ರಮ ಹಾಕಿದ್ದು. ತರಗತಿಗೆ ಹೋಗುವ ಮುಂಚೆ ಒಮ್ಮೆ ಹಾಲು, ಹನ್ನೊಂದರ ಚಹಾ ಬಿಡುವಿಗೆ ಒಮ್ಮೆ, ಊಟಕ್ಕೆ ಬಿಟ್ಟಾಗ ಒಮ್ಮೆ, ಸಂಜೆ ಒಮ್ಮೆ. ಚಹಾ ಬಿಡುವು ಇರುವುದೇ ಕಾಲು ಗಂಟೆ. ಅಷ್ಟರಲ್ಲಿ ಮಗು ಹೊಟ್ಟೆ ತುಂಬ ಕುಡಿಯಬೇಕಾದರೆ ಅದಕ್ಕೆ ಚೆನ್ನಾಗಿ ಹಸಿವಾಗಿರಬೇಕು ಎಂಬುದು ನನ್ನ ಲೆಕ್ಕ. ಹತ್ತು ಗಂಟೆಯ ಮೇಲೆ ಅದು ಮುಷ್ಟಿ ಚೀಪಲು ತೊಡಗಿದರೆ ಎತ್ತಿಕೊಂಡು ನಡೆಯುತ್ತಿದ್ದೆ, ತಟ್ಟುತ್ತಿದ್ದೆ, ಕೀಲಿಕೈ ಗೊಂಚಲು ಆಡಿಸುತ್ತಿದ್ದೆ. ಹೇಗಾದರೂ ಮಾಡಿ ಹನ್ನೊಂದರವರೆಗೆ ಸಾಗಿಸುತ್ತಿದ್ದೆ.

ಗಂಟೆಯಾಗಿ ಮಗಳು ಓಡಿ ಬರುವಷ್ಟರಲ್ಲಿ ಮಗು ಕೆಂಪಾಗಿ, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ಅರಚುತ್ತಿತ್ತು. ಎದೆಗೆ ಹಿಡಿದರೆ ಬಾಯಿ ಹಾಕುತ್ತಿರಲಿಲ್ಲ. ಅತ್ತು ಅತ್ತು ಸೋತು, ಎರಡು ಗುಟುಕು ಎಳೆದು ನಿದ್ದೆ ಹೋಗುತ್ತಿತ್ತು. ಅಷ್ಟರಲ್ಲಿ ಮತ್ತೆ ಗಂಟೆ. ನಾನು ಅವಳು ಕೂತಿದ್ದ ವಿಶ್ರಾಂತಿ ಕೋಣೆಯ ಬಾಗಿಲು ತಟ್ಟಿ "ಹೊತ್ತಾಯ್ತು" ಎನ್ನುತ್ತಿದ್ದೆ. ಮಗಳು ಸೆರಗು ಸರಿಮಾಡಿಕೊಂಡು, ಮುಖ ಒರೆಸಿಕೊಂಡು ಹೋಗುತ್ತಿದ್ದಳು. ವಾರವಿಡೀ ಹೀಗೇ ನಡೆಯಿತು. ಶುಕ್ರವಾರ ಸಂಜೆ ಬೆಳ್ತಂಗಡಿಯ ಮಕ್ಕಳ ಡಾಕ್ಟರು ಮಗುವನ್ನು ತೂಗಿ, ತೂಕ ಏರಿಲ್ಲ, ಹೀಗೇ ಆದರೆ ಹಾಲೂ ಬತ್ತುತ್ತದೆ ಎಂದರು. ಮಗಳು ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದಳು. ಶಿಬಿರ ಬಿಟ್ಟು ಮೂಡುಬಿದಿರೆಗೆ ಹೋಗುವ ತೀರ್ಮಾನ ಆ ಫೋನಿನಲ್ಲೇ ಆಯಿತು.

ಶನಿವಾರ ಎಂಟೂಮುಕ್ಕಾಲಿಗೆ ಮಗುವನ್ನು ಎತ್ತಿಕೊಂಡು ಮಗಳ ಜೊತೆ ಹೊರಟೆ. ಎರಡನೇ ಶನಿವಾರವಾದ್ದರಿಂದ ಕಾಲೇಜಿಗೆ ರಜೆ. ಶಿಬಿರದ ಸಭಾಂಗಣ ಮಾತ್ರ ತೆರೆದಿತ್ತು. ಎದುರಿಗೆ ಹುಡುಗಿಯರ ವಿಶ್ರಾಂತಿ ಕೋಣೆ, ಅದರ ಹೊರಗೆ ಜಗಲಿ, ಜಗಲಿಯಲ್ಲಿ ಸಿಮೆಂಟಿನ ಬೆಂಚು. ವಾರದಿಂದ ಆ ಬೆಂಚೇ ನನ್ನ ಜಾಗ. ಪಕ್ಕದಲ್ಲಿ ಮಗುವಿನ ಸಾಮಾನಿನ ಚೀಲ: ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಮಗಳು ಬೆಳಗ್ಗೆ ಹಿಂಡಿ ಮುಚ್ಚಳದ ಸ್ಟೀಲ್ ಲೋಟದಲ್ಲಿ ಕೊಟ್ಟ ಹಾಲು, ಬಾಟಲಿ, ಒಂದು ಬೆಳ್ಳಿಯ ಒಳಲೆ.

ಒಳಲೆ ಅಂದರೆ ಶಿಶುಗಳಿಗೆ ಹಾಲು ಕುಡಿಸುವ, ಉದ್ದ ಮೂತಿಯ ಪುಟ್ಟ ಬಟ್ಟಲು. ಮಗಳು ಶಿಶುವಾಗಿದ್ದಾಗಿನದು. ನನ್ನ ಹೆಂಡತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದಳು. ಮೊಮ್ಮಗು ಬರುವ ಸುದ್ದಿ ಕೇಳುವ ಮೊದಲೇ ಅವಳು ಹೋದಳು. ನಾನು ದಿನಾ ಸಂಜೆ ಬಾಟಲಿಯ ಜೊತೆಗೆ ಒಳಲೆಯನ್ನೂ ಕುದಿಸುತ್ತಿದ್ದೆ. ಅದರಲ್ಲಿ ಹಾಲು ಕುಡಿಸಿರಲಿಲ್ಲ. ಸುರಿದರೆ ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆ. ಬಿಡುವಿಗೆ ಮೊದಲು ಹೊಟ್ಟೆ ತುಂಬಿಸಬಾರದು ಎಂಬ ನನ್ನ ಕ್ರಮವೂ ಇತ್ತು. ಲೋಟದ ಹಾಲನ್ನು ದಿನಾ ಮಧ್ಯಾಹ್ನ ಚೆಲ್ಲುತ್ತಿದ್ದೆ.

ಹತ್ತು ಗಂಟೆ ದಾಟಿತ್ತು. ಮೈದಾನದಲ್ಲಿ ನಾಲ್ಕೈದು ಹುಡುಗಿಯರು ದೂರದ ಓಟದ ಅಭ್ಯಾಸ ಮಾಡುತ್ತಿದ್ದರು. ಅವರಲ್ಲೊಬ್ಬಳು ಓಡಿ ಓಡಿ, ಕೊನೆಗೆ ನಿಲ್ಲಲಾರದೆ ಬಗ್ಗಿ, ಬಾಟಲಿ ಎತ್ತಿ ಗಟಗಟ ಕುಡಿದಳು. ಕುಡಿದದ್ದೆಲ್ಲ ಹೊರಗೆ ಬಂತು. ಬಾಯಿಯ ತುದಿಗೆ ಬಂದ ಮಾತನ್ನು ನಾನು ತಡೆದುಕೊಂಡೆ. ನನ್ನ ಮೈದಾನದಲ್ಲಾಗಿದ್ದರೆ ಕೂಗಿಯೇ ಬಿಡುತ್ತಿದ್ದೆ, ವರ್ಷ ವರ್ಷವೂ ಕೂಗಿದ್ದೆ: ಬಾಯಾರುವ ಮೊದಲು ಕುಡೀಬೇಕು ಮಾರಾಯ್ತಿ, ಬಾಯಾರಿದ ಮೇಲೆ ಕುಡಿದ್ರೆ ಹೊಟ್ಟೆ ಹಿಡಿಯುದಿಲ್ಲ.

ಮಗು ನನ್ನ ಹೆಗಲಿನ ಮೇಲೆ ಮುಷ್ಟಿ ಚೀಪಲು ತೊಡಗಿತ್ತು. ಕೀಲಿಕೈಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದೆ. ಆಮೇಲೆ ಚೀಲ ಬಿಚ್ಚಿದೆ.

ಲೋಟದ ಹಾಲನ್ನು ಒಳಲೆಗೆ ಬಗ್ಗಿಸಿ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಮೂತಿಯನ್ನು ತುಟಿಯವರೆಗೆ ತಂದು ಅಲ್ಲೇ ತಡೆದೆ. ಅಷ್ಟರಲ್ಲಿ ಜಗಲಿಯ ಮೆಟ್ಟಿಲಲ್ಲಿ ಕೊಡೆ ಕುಟ್ಟಿದ ಸದ್ದಾಯಿತು.

"ಎಂತ ಮಾಷ್ಟ್ರೆ, ಆ ಕೈಗೆ ಹೆದರಿಕೆಯಾ?" ಬೀಗಿತ್ತಿ ಮೂಡುಬಿದಿರೆಯಿಂದ ವೇಣೂರಿನ ಮೇಲಾಗಿ ಬರುವ ಬಸ್ಸಿನಲ್ಲಿ ಬಂದು ಇಳಿದಿದ್ದರು. "ಸಾಲಾಗಿ ಮಕ್ಕಳನ್ನು ನಿಲ್ಲಿಸಿದ ಕೈ ಅಂತೆ ಅದು!"

"ಅವರು ಹೇಳಿದ್ರೆ ನಿಲ್ತಿದ್ರು. ಇವಳು ನಿಲ್ಲುದಿಲ್ಲ."

"ವಿಶಲ್ ತಂದಿಲ್ವಾ? ಊದಿ ನೋಡಿ, ಕುಡಿದಾಳು." ಅವರು ಕೊಡೆಯನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತರು. "ಕೊಡಿ ಇಲ್ಲಿ, ನಾನು ಕುಡಿಸ್ತೇನೆ."

"ಬೇಡ. ನಾನು ಕಲೀಬೇಕು. ನೀವು ಸಂಜೆಗೆ ಹೋಗ್ತೀರಿ."

"ನಾನೊಬ್ಬಳೇ ಹೋಗುದು ಅಂತ ನಿಮಗೆ ಯಾರು ಹೇಳಿದ್ದು? ಇವರಿಬ್ಬರನ್ನೂ ಕರಕೊಂಡು ಹೋಗ್ಲಿಕ್ಕೆ ಬಂದವಳು ನಾನು. ಅದು ನೆನಪಿರ್ಲಿ." ಇಷ್ಟು ಹೇಳಿ ಮಗುವಿನ ಮುಖ ನೋಡಿದರು. ಅದು ಬಾಯಿ ತೆರೆದು ಮುಚ್ಚುತ್ತಿತ್ತು. "ತಲೆ ಎತ್ತಿ ಹಿಡೀರಿ ಮೊದಲು. ಇನ್ನೂ ಎತ್ತಿ. ಮೂತಿ ನಾಲಗೆ ಮೇಲೆ ಅಲ್ಲ, ಕೆನ್ನೆಯ ಒಳಬದಿಗೆ. ಅಯ್ಯೋ, ತೋಟಕ್ಕೆ ನೀರು ಬಿಟ್ಟ ಹಾಗೆ ಬಿಡ್ಬೇಡಿ ಮಾರಾಯ್ರೆ! ನುಂಗ್ಲಿ. ಹಾಂ, ನುಂಗಿದ್ಲು. ಈಗ ಇನ್ನೊಂದು."

ಮಗು ನುಂಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಒಳಲೆ ಅರ್ಧವಾದಾಗ ಬೀಗಿತ್ತಿ ಕೈ ಅಡ್ಡ ಹಿಡಿದರು.

"ಸಾಕು. ಅಳು ಬರದಿರ್ಲಿಕ್ಕೆ ಇಷ್ಟು. ಉಳಿದದ್ದು ತಾಯಿ ಹತ್ರ ಕುಡೀಲಿ."

"ಕುಡಿದಾಳಾ?"

"ನನ್ನ ಹತ್ರ ಕೇಳಿದ್ರೆ?"

ಮಗುವನ್ನು ಹೆಗಲಿಗೆ ಹಾಕಿ ಬೆನ್ನು ಸವರುತ್ತ ಕೂತೆ. ಅವರು ಕೊಡೆಯ ಗುಂಡಿಯನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದರು. ತಾವು ಬಂದ ಕೆಲಸಕ್ಕೆ ತಾವೇ ಅಡ್ಡ ನಿಂತಿದ್ದೇವೆಂದು ಅವರಿಗೆ ಗೊತ್ತಿತ್ತು ಎಂದೇ ನನ್ನ ಎಣಿಕೆ. ಆದರೂ ಹಸಿದ ಮಗುವಿನ ಎದುರು ಕೈಕಟ್ಟಿ ಕೂರಲು ಅವರಿಂದಾಗಲಿಲ್ಲ.

ಹನ್ನೊಂದಕ್ಕೆ ಜವಾನ ಕೈಗಂಟೆ ಬಾರಿಸಿದ. ಮಗಳು ಬಂದಳು. ಎಂದಿನಂತೆ ಓಡಿ ಬರಲಿಲ್ಲ, ಎಲ್ಲ ಮುಗಿದವಳ ಹಾಗೆ ನಡೆದುಕೊಂಡು ಬಂದಳು. ಅತ್ತೆಯನ್ನು ನೋಡಿ ತಲೆ ಬಗ್ಗಿಸಿದಳು. ಮಗು ಅಳುತ್ತಿಲ್ಲವೆಂಬುದು ಅವಳ ಗಮನಕ್ಕೆ ಬಂದದ್ದು ಅದನ್ನು ತೋಳಿಗೆ ತೆಗೆದುಕೊಂಡ ಮೇಲೆ. ನನ್ನ ಮುಖ ನೋಡಿದಳು. ನಾನು ಒಳಲೆ ತೋರಿಸಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುದುಕರಿಬ್ಬರು ಬೆಂಚಿನ ಮೇಲೆ ಕಿವಿ ಕೊಟ್ಟು ಕೂತೆವು. ಬೇರೆ ದಿನಗಳಲ್ಲಿ ಬಾಗಿಲು ಮುಚ್ಚಿದ ಮರುಗಳಿಗೆಗೇ ಅರಚಾಟ ಕೇಳುತ್ತಿತ್ತು. ಅವತ್ತು ಕೇಳಲಿಲ್ಲ. ಮೈದಾನದ ಹುಡುಗಿಯರು ಎಲ್ಲೋ ನಗುತ್ತಿದ್ದರು. ಒಮ್ಮೆ ಒಳಗಿಂದ ಸಣ್ಣ ಕೆಮ್ಮು ಬಂತು. ಬೀಗಿತ್ತಿ ಎದ್ದು ನಿಂತು, ಮತ್ತೆ ಕೂತರು. ಆಮೇಲೆ ಅದೂ ಇಲ್ಲ.

ಚಹಾ ಬಿಡುವು ಮುಗಿದ ಗಂಟೆಯಾಯಿತು. ನನ್ನ ಕಾಲು ತಾನಾಗಿ ಎದ್ದಿತು, ಕೈ ಬಾಗಿಲ ಕಡೆ ಹೋಯಿತು.

"ಕೂತ್ಕೊಳ್ಳಿ ಮಾಷ್ಟ್ರೆ," ಎಂದರು ಬೀಗಿತ್ತಿ, ಮೆಲ್ಲಗೆ.

ಕೂತೆ. ಗಂಟೆ ಬಾರಿಸಿದ ಮೇಲೆ ನಾನು ಕೂತದ್ದು ನನಗೆ ನೆನಪಿರುವಂತೆ ಬೇರೆ ಇಲ್ಲ.

ಎಷ್ಟು ಹೊತ್ತಿನ ಮೇಲೆ ಬಾಗಿಲು ತೆರೆಯಿತೋ, ಗಡಿಯಾರ ನೋಡಲಿಲ್ಲ. ಮಗು ಅವಳ ತೋಳಿನಲ್ಲಿ ನೀರಿನಲ್ಲಿ ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ತುಟಿಯ ಅಂಚಿನಲ್ಲಿ ಹಾಲು. ವಾರವಿಡೀ ಬಿಗಿದಿದ್ದ ಮುಷ್ಟಿ ಬಿಚ್ಚಿತ್ತು. ಮಗಳು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು, ಅವರು "ಹೂಂ, ಹೂಂ" ಎಂದರು. ನನಗೆ ಮಗುವನ್ನು ಕೊಟ್ಟು, "ಲೇಟಾಯ್ತು ಅಪ್ಪ," ಎಂದು ಸಭಾಂಗಣದ ಕಡೆ ಓಡಿದಳು. ಅವಳು ಓಡಿದ್ದು ನನಗೆ ಸಮಾಧಾನ ತಂದಿತು.

ಮಧ್ಯಾಹ್ನವೂ ಹಾಗೇ ಮಾಡಿದೆವು. ಮಗು ತಲೆ ತಿರುಗಿಸಿ ಹುಡುಕಲು ತೊಡಗಿದಾಗಲೇ ಒಳಲೆಯಲ್ಲಿ ಸ್ವಲ್ಪ, ಬಿಡುವಾದಾಗ ತಾಯಿಯ ಹತ್ತಿರ ಉಳಿದದ್ದು. ಬೀಗಿತ್ತಿ ತಂದಿದ್ದ ಬುತ್ತಿಯನ್ನು ಜಗಲಿಯಲ್ಲೇ ಬಿಚ್ಚಿದೆವು. ಅನ್ನ ಕಲಸುತ್ತ ಅವರು ಸೊಸೆಯನ್ನು ಕೇಳಿದರು:

"ಮೇಡಂ ಹತ್ರ ಹೇಳಿದ್ಯಾ?"

"ಇಲ್ಲ ಅತ್ತೆ."

"ಯಾಕೆ?"

"ಊಟದ ಮೇಲೆ ನನ್ನ ಸರದಿ ಉಂಟು. ಹೆಂಗಸರ ಹತ್ರ ಕೇಳುವ ಪ್ರಶ್ನೆಗಳನ್ನು ತೋರಿಸ್ಬೇಕು."

ಬೀಗಿತ್ತಿ ಎರಡು ತುತ್ತು ತಿಂದರು. "ಮಗುವನ್ನು ಕಾಲ ಮೇಲೆ ಮಲಗಿಸ್ಕೊಂಡು ಬೀಡಿ ಕಟ್ಟಿದವಳು ನಾನು. ನಿನ್ನ ಗಂಡನನ್ನೇ. ಹಾಲು ಕುಡಿಸಿದ ಹೊತ್ತನ್ನು ನೀನು ಎಂತ ಅಂತ ಬರೀತಿ? ಕೆಲಸ ಅಂತಲಾ, ರಜೆ ಅಂತಲಾ?"

"ಅದನ್ನೇ ಅಲ್ವಾ ಅತ್ತೆ ನಾನು ಕೇಳ್ಲಿಕ್ಕೆ ಹೊರಟದ್ದು."

"ರಜೆ ಅಂತ ಬರೆದ್ರೆ ನೋಡು ಮತ್ತೆ," ಎಂದರು. ಮಗಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಆಗ ಮಾತ್ರ.

ಸಂಜೆ ಬೀಗಿತ್ತಿಯನ್ನು ಬಸ್ಸಿಗೆ ಬಿಡಲು ಹೋದೆ. ಅವರು ಒಬ್ಬರೇ ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು: "ಬುಧವಾರ ಬರ್ತೇನೆ. ಡಾಕ್ಟ್ರ ಹತ್ರ ತೂಗಿ ನೋಡುವ. ಏರದಿದ್ರೆ ನಾನು ನಿಮ್ಮ ಮಾತನ್ನೂ ಕೇಳ್ಲಿಕ್ಕಿಲ್ಲ, ಅವಳ ಮಾತನ್ನೂ ಕೇಳ್ಲಿಕ್ಕಿಲ್ಲ."

"ಸರಿ," ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ದಿನದ ಹಾಲಿನಿಂದ ಏನೂ ತೀರ್ಮಾನವಾಗುವುದಿಲ್ಲ.

ಕೋಣೆಗೆ ಬಂದಾಗ ಮಗಳು ಮಗುವಿಗೆ ಬಟ್ಟೆ ಬದಲಿಸಲು ಚೀಲಕ್ಕೆ ಕೈ ಹಾಕಿದ್ದಳು. ಮಗುವಿನ ಬಟ್ಟೆ ಅಡಿಯಲ್ಲಿತ್ತು. ಅದನ್ನು ಎಳೆಯುವಾಗ ಮೇಲಿದ್ದ ಅವಳ ಸೀರೆ, ರವಿಕೆ, ಶಾಲು ಎಲ್ಲ ನೆಲಕ್ಕೆ ಬಂದವು. ಅವನ್ನು ಅವಳು ಮತ್ತೆ ತುಂಬಲಿಲ್ಲ. ಒಂದೊಂದಾಗಿ ಮಡಚಿ ಕುರ್ಚಿಯ ಮೇಲಿಟ್ಟಳು. ಮೇಜಿನ ಹತ್ತಿರ ಹೋಗಿ ಪುಸ್ತಕ ತೆರೆದಳು. ಹಣೆ ಮುಟ್ಟಿ ನೋಡಿದೆ, ಬಿಸಿ ಇಳಿದಿತ್ತು. "ಓದು," ಎಂದೆ.

ನಾನು ಗ್ಯಾಸಿನ ಮೇಲೆ ನೀರಿಟ್ಟೆ. ಬಾಟಲಿಯನ್ನು ಹಾಕಲಿಲ್ಲ, ಅದರ ಕೆಲಸ ಮುಗಿದಿತ್ತು. ಒಳಲೆಯ ಮೂತಿಯ ಒಳಗೆ ಹಾಲು ಒಣಗಿ ತೆಳ್ಳಗೆ ಹಿಡಿದಿತ್ತು. ವಾರದಿಂದ ಅದನ್ನು ಬರಿದೇ ಕುದಿಸುತ್ತ ಬಂದವನಿಗೆ ಅವತ್ತು ಉಜ್ಜಿ ತೊಳೆಯುವ ಕೆಲಸವಿತ್ತು. ತೊಳೆದು, ಕುದಿಸಿ, ಇಕ್ಕಳದಲ್ಲಿ ಎತ್ತಿ, ಒಗೆದ ಬಿಳಿ ಬಟ್ಟೆಯ ಮೇಲೆ ಬೆಳಗ್ಗೆಗೆಂದು ಕವುಚಿ ಹಾಕಿದೆ.